ಪಟ್ಟಿಯಲ್ಲಿ ಹೊಟ್ಟೆ ಇಲ್ಲ

ನನ್ನ ಕರುಳಿನ ಕಾಯಿಲೆ ಶುರುವಾದದ್ದು 2016ರ ಕಕ್ಕಡ 18ರ (ಆಗಸ್ಟ್ ಮೊದಲ ವಾರದಲ್ಲಿ ಬರುವ ನಮ್ಮ ಕೊಡಗಿನ ಹಬ್ಬ) ಮರುದಿನ. ಹಿಂದಿನ ದಿನ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಅದನ್ನು ತಿಂದರೆ ಮೂತ್ರ ಕೆಂಪಗಾಗುವುದು ಕೊಡಗಿನ ಮಕ್ಕಳಿಗೂ ಗೊತ್ತು. ನನಗೆ ಕೆಂಪು ಕಂಡದ್ದು ಮಲದಲ್ಲಿ. ಅವ್ವನಿಗೆ ಹೇಳಿದೆ. "ಮದ್ದು ಒಳಗೆ ಕೆಲಸ ಮಾಡ್ತಾ ಉಂಟು, ಸುಮ್ನಿರು" ಅಂದರು. ಹತ್ತು ದಿನ ಸುಮ್ನಿದ್ದೆ. ಮದ್ದು ಸೊಪ್ಪಿನ ಬಣ್ಣ ಅಷ್ಟು ದಿನ ಇರುವುದಿಲ್ಲ ಅಲ್ವಾ?

ಮೊದಲು ಕರುಳಿನ ಟಿಬಿ ಅಂದರು. ಆರು ತಿಂಗಳು ಟಿಬಿ ಮಾತ್ರೆ ನುಂಗಿದೆ. ಇದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಕಾಯಿಲೆ (ಕರುಳು ಊದಿಕೊಂಡು ಹುಣ್ಣಾಗುವಂಥದ್ದು) ಒಳಗಿನಿಂದ ನೋಡಿದರೆ ಅಣ್ಣ ತಮ್ಮಂದಿರ ಹಾಗೆ ಇರುತ್ತವೆ, ಬಯಾಪ್ಸಿಯಲ್ಲೂ ಎಷ್ಟೋ ಸಲ ಗೊತ್ತಾಗುವುದಿಲ್ಲ. 2017ರಲ್ಲಿ ಮಂಗಳೂರಿನಲ್ಲಿ ಎರಡನೇ ಸಲ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಬಿಟ್ಟು ಕರುಳು ನೋಡುವ ಪರೀಕ್ಷೆ ಮಾಡಿ ಕ್ರೋನ್ಸ್ ಅಂತ ಬರೆದರು. ಪೂರ್ತಿ ವಾಸಿಯಾಗುವುದಲ್ಲ, ಹತೋಟಿಯಲ್ಲಿ ಇಡಬಹುದು ಅಂದರು. ಸ್ಟೆರಾಯ್ಡ್ ಮಾತ್ರೆ ಶುರುವಾಯಿತು.

ನಾನಾಗ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕತೆ ಬರೆಯುವವನಲ್ಲ, ಚೆಕ್‌ರೋಲ್ ಬರೆಯುವವನು. ಯಾರು ಬಂದರು, ಯಾರು ಬರಲಿಲ್ಲ, ಯಾರ ಚೀಲ ಎಷ್ಟು ತೂಗಿತು, ಇದೇ ಕೆಲಸ. ಕೊಯ್ಲಿನ ಕಾಲದಲ್ಲಿ ಸಂಜೆ ತೂಕದ ಹೊತ್ತಿಗೆ ರೈಟರ್ ಅಲ್ಲಾಡುವಂತಿಲ್ಲ. ಒಂದು ಸಂಜೆ ಜನ ಚೀಲ ಇಟ್ಟುಕೊಂಡು ಸಾಲಾಗಿ ನಿಂತಿದ್ದಾರೆ, ತಕ್ಕಡಿಯ ಕೊಕ್ಕೆಯಲ್ಲಿ ಒಬ್ಬಳ ಚೀಲ ತೂಗುತ್ತಾ ಇದೆ, ನಾನು ಪುಸ್ತಕವನ್ನು ಮೇಸ್ತ್ರಿ ಕೈಗೆ ತುರುಕಿ ಗಿಡಗಳ ನಡುವೆ ಓಡಿದೆ. ವಾಪಸ್ ಬಂದಾಗ ಅದೇ ಚೀಲ ಅಲ್ಲೇ ನೇತಾಡುತ್ತಿತ್ತು. ಮೇಸ್ತ್ರಿಗೆ ಓದು ಬರಹ ಇರಲಿಲ್ಲ, ಅದು ನನಗೆ ಓಡುವ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು.

2018ರ ಆಗಸ್ಟ್ ಮಳೆ ಎಲ್ಲರಿಗೂ ನೆನಪಿರುತ್ತದೆ. ಗುಡ್ಡ ಜಾರಿ ಮಡಿಕೇರಿ–ಸಂಪಾಜೆ ರಸ್ತೆ ಹೋಯಿತು. ಮಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಮಾತ್ರೆ ಕಡಿಮೆ ಮಾಡಿಸಿಕೊಳ್ಳಬೇಕಾದ ಸಮಯ ಅದು. ಸುತ್ತು ಬಳಸಿ ಹೋಗಬಹುದಿತ್ತು. ಹೋಗಲಿಲ್ಲ. ಸ್ಟೆರಾಯ್ಡ್ ತಗೊಂಡರೆ ಹೊಟ್ಟೆ ಹಾಯಾಗಿರುತ್ತಿತ್ತು, ಹಸಿವಾಗುತ್ತಿತ್ತು, ವರ್ಷಗಳ ಮೇಲೆ ಅಕ್ಕಿ ಒತ್ತಿ (ನಮ್ಮ ಕಡೆಯ ಅಕ್ಕಿ ರೊಟ್ಟಿ) ಮನಸಾರೆ ತಿಂದಿದ್ದೆ. ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ಅದೇ ಮಾತ್ರೆ ತರುತ್ತಾ ಹೋದೆ. ಇದು ನಾನೇ ಮಾಡಿಕೊಂಡ ತಪ್ಪು. ಹಾಗಂತ ಒಮ್ಮೆಲೇ ಬಿಡುವ ಮಾತ್ರೆಯೂ ಅದಲ್ಲ, ಡಾಕ್ಟರು ಹೇಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

2020ರ ಕೊನೆಗೆ ತೊಡೆಸಂದಿಯಲ್ಲಿ ನೋವು. ಎಂಆರ್‌ಐ ಮಾಡಿಸಿದಾಗ ಎರಡೂ ಕಡೆ ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗದೆ ಸಾಯುತ್ತಿದೆ ಅಂತ ಬಂತು. ಅವಾಸ್ಕ್ಯುಲರ್ ನೆಕ್ರೋಸಿಸ್ ಅನ್ನುತ್ತಾರೆ. ಹೆಚ್ಚು ದಿನ ಸ್ಟೆರಾಯ್ಡ್ ತಗೊಂಡವರಿಗೆ ಬರುವಂಥದ್ದು. ಈಗ ನೋಡಿ ನನ್ನ ಗತಿ: ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಡಬೇಕು, ಓಡಲು ಕಾಲಿಲ್ಲ. ಹೇಗೋ ಹೋದರೂ ಕುಕ್ಕರಗಾಲಲ್ಲಿ ಕೂರಲು ಸೊಂಟ ಬಿಡುವುದಿಲ್ಲ.

ಕೆಲಸ ಬಿಟ್ಟೆ. ಯಾರೋ ಅಂಗವಿಕಲರ ಪಿಂಚಣಿಗೆ ಹಾಕು ಅಂದರು. ಕುಶಾಲನಗರದಲ್ಲಿ ಸೈಬರ್ ಸೆಂಟರಿಗೆ ಹೋದೆ. 2021ರ ಜೂನ್‌ನಿಂದ ಅಂಗವಿಕಲತೆಯ ಪ್ರಮಾಣಪತ್ರ ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡು) ಪೋರ್ಟಲ್ ಮೂಲಕವೇ ಆಗಬೇಕು. ಹುಡುಗ ಅರ್ಜಿ ತೆರೆದ, ಹೆಸರು, ಆಧಾರ್ ಎಲ್ಲಾ ತುಂಬಿದ, 'ಯಾವ ರೀತಿಯ ಅಂಗವಿಕಲತೆ' ಅನ್ನುವಲ್ಲಿಗೆ ಬಂದ. "ಏನಣ್ಣಾ ನಿಮಗೆ?" "ಕರುಳಿನ ಕಾಯಿಲೆ." ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ನೋಡಿದ. "ಅಣ್ಣಾ, ಇದರಲ್ಲಿ ಹೊಟ್ಟೆ ಇಲ್ಲ."

ನಿಜ, ಇಲ್ಲ. 1995ರ ಅಂಗವಿಕಲರ ಕಾನೂನಿನಲ್ಲಿ 7 ಬಗೆ ಇತ್ತು, 2016ರ ಕಾನೂನಿನಲ್ಲಿ ಅದು 21 ಆಯಿತು. ರಕ್ತದ ಕಾಯಿಲೆಗಳು ಬಂದವು, ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್. ಪಾರ್ಕಿನ್ಸನ್ಸ್ ಬಂತು. ಕ್ರೋನ್ಸ್ ಆಗಲಿ, ಅದರಂಥದ್ದೇ ಇನ್ನೊಂದು ಕರುಳಿನ ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್ ಆಗಲಿ ಬರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ರಕ್ತ ಹೋದರೂ ಆ ಒಂದೇ ಕಾರಣಕ್ಕೆ ಅಂಗವಿಕಲತೆಯ ಶೇಕಡಾವಾರು ಹಾಕಿಸಿಕೊಳ್ಳಲು ದಾರಿ ಇಲ್ಲ. ನನಗಿದು ಅನ್ಯಾಯ ಅನ್ನಿಸುತ್ತದೆ. ನನ್ನ ಕೆಲಸ ಕಿತ್ತುಕೊಂಡದ್ದು ಮೊದಲು ಕರುಳು, ಆಮೇಲೆ ಸೊಂಟ. ಆದರೆ ಅನ್ಯಾಯ ಅಂತ ಸೈಬರ್ ಸೆಂಟರಿನ ಹುಡುಗನ ಹತ್ತಿರ ಜಗಳ ಮಾಡಿ ಏನು ಪ್ರಯೋಜನ?

ದಾರಿ ತೋರಿಸಿದ್ದು ನಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ನಾನು ನಡೆದು ಬಂದದ್ದನ್ನು ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೊಟ್ಟೆ ವಿಷಯ ಬಿಡಿ, ಕುಂಟ್ತಾ ಯಾಕೆ ಬಂದ್ರಿ?" ಎಂಆರ್‌ಐ ತೋರಿಸಿದೆ. "ಇದಕ್ಕೆ ಹಾಕಿ. ಚಲನೆಯ ಅಂಗವಿಕಲತೆ. ಇದು ಪಟ್ಟಿಯಲ್ಲಿ ಉಂಟು." ನಾನು ಅಲ್ಲಿಯವರೆಗೆ ಸೊಂಟವನ್ನು ಕಾಯಿಲೆಯ ಬಾಲ ಅಂದುಕೊಂಡಿದ್ದೆ. ಸರ್ಕಾರದ ಲೆಕ್ಕಕ್ಕೆ ಬಾಲವೇ ಮುಖ್ಯ. ಈ ಕಾಯಿಲೆ ಇರುವ ಕೆಲವರಿಗೆ ಬೆನ್ನುಮೂಳೆ ಬಿಗಿಯುತ್ತದೆ, ಕೆಲವರಿಗೆ ಕಣ್ಣಿಗೆ ಬರುತ್ತದೆ. ಅವರೂ ಅದರಿಂದ ಉಳಿದ ಶಾಶ್ವತ ಊನವನ್ನೇ ಅಳೆಸಬೇಕು.

ನಾನು ಇನ್ನೊಂದು ತಯಾರಿಯನ್ನೂ ಮಾಡಿಕೊಂಡಿದ್ದೆ, ಅದನ್ನು ಹೇಳಲೇಬೇಕು. ಹಳೇ ಚೆಕ್‌ರೋಲ್ ಪುಸ್ತಕದ ಖಾಲಿ ಹಾಳೆಗಳಲ್ಲಿ ನನ್ನ ಹೊಟ್ಟೆಯ ಹಾಜರಿ ಬರೆದಿಟ್ಟಿದ್ದೆ. ಒಂದು ಸಲಕ್ಕೆ ಒಂದು ಗೆರೆ, ರಕ್ತ ಇದ್ದರೆ ಕೆಂಪು ಪೆನ್ನು, ರಾತ್ರಿ ಎದ್ದರೆ ಸೊನ್ನೆ. ಹದಿನಾಲ್ಕು ತಿಂಗಳ ಲೆಕ್ಕ. ಅಂಗವಿಕಲತೆ ಅಳೆಯುವ ಮೆಡಿಕಲ್ ಬೋರ್ಡಿನವರು ಇದನ್ನು ನೋಡಿ ದಂಗಾಗುತ್ತಾರೆ ಅಂದುಕೊಂಡಿದ್ದೆ. ಅವರು ಮುಟ್ಟಲೂ ಇಲ್ಲ. ಅವರ ತಪ್ಪಲ್ಲ, ಅಳೆಯಬೇಕಾದದ್ದು ಅದಲ್ಲ. ಆದರೆ ಕರುಳಿನ ಡಾಕ್ಟರು ಅದೇ ಪುಸ್ತಕ ನೋಡಿ ಮದ್ದು ಬದಲಾಯಿಸಿದರು. ತೋಟದ ಸಾಹುಕಾರರು ಅದೇ ಪುಸ್ತಕ ನೋಡಿ, ಮನೆಯಲ್ಲೇ ಕೂತು ಲೆಕ್ಕ ಬರೆದುಕೊಡು ಅಂತ ವಾರಕ್ಕೆ ಎರಡು ದಿನದ ಕೆಲಸ ಕೊಟ್ಟರು. ಬರೆದಿಡಿ, ಆದರೆ ಎಲ್ಲಿ ತೋರಿಸಬೇಕೋ ಅಲ್ಲಿ ತೋರಿಸಿ.

ಬೋರ್ಡಿನ ದಿನ ಮಡಿಕೇರಿಗೆ ಬೆಳಗ್ಗೆಯಿಂದ ಏನೂ ತಿನ್ನದೆ ಹೋದೆ. ಸಾಲಿನಲ್ಲಿ ನಿಂತಾಗ ಹೊಟ್ಟೆ ಕೈ ಕೊಡಬಾರದು ಅಲ್ವಾ. ಡಾಕ್ಟರು ಎಂಆರ್‌ಐ ನೋಡಿ ಪಕ್ಕಕ್ಕಿಟ್ಟು ನನ್ನನ್ನು ಮಲಗಿಸಿದರು. ಕಾಲನ್ನು ಮಡಚಿ, ಹೊರಕ್ಕೆ ಒಳಕ್ಕೆ ತಿರುಗಿಸಿ ಕೋನಮಾಪಕದಲ್ಲಿ ಅಳೆದರು. ನನ್ನ ಕಾಲಿನಿಂದ ಅವರ ಕೈಯನ್ನು ತಳ್ಳಲು ಹೇಳಿ ಬಲ ನೋಡಿದರು. ಆಮೇಲೆ ನಡೆ, ಮೆಟ್ಟಿಲು ಹತ್ತು, ಚಕ್ಕಳಮಕ್ಕಳ ಹಾಕಿ ಕೂರು, ಕುಕ್ಕರಗಾಲಲ್ಲಿ ಕೂರು. ಕಾಲಿನ ಶೇಕಡಾವಾರು ಬರುವುದು ಹೀಗೆ: ಕೀಲು ಎಷ್ಟು ಆಡುತ್ತದೆ, ಬಲ ಎಷ್ಟಿದೆ, ಈ ದಿನನಿತ್ಯದ ಕೆಲಸಗಳಲ್ಲಿ ಎಷ್ಟು ಆಗುತ್ತದೆ. ಸ್ಕ್ಯಾನ್ ಕಾಯಿಲೆ ಏನು ಅಂತ ಹೇಳುತ್ತದೆ, ಎಷ್ಟು ಅಂತ ಹೇಳುವುದು ಮೈ.

ಇಲ್ಲಿ ನಾನು ಒಂದು ಪೆದ್ದುತನ ಮಾಡಿದೆ. ಕುಕ್ಕರಗಾಲಲ್ಲಿ ಕೂರಲು ಹೇಳಿದಾಗ ಹಲ್ಲು ಕಚ್ಚಿ ಮೇಜು ಹಿಡಿದು ಕೂರಲು ಹೋದೆ. ಹತ್ತು ಜನರ ಎದುರು ಆಗುವುದಿಲ್ಲ ಅನ್ನಲು ನಾಚಿಕೆ. ಡಾಕ್ಟರು ತಡೆದು, "ಮನೆಯಲ್ಲಿ ಹೀಗೇ ಕೂರ್ತೀರಾ?" ಅಂದರು. "ಇಲ್ಲ ಸಾರ್, ಮನೆಯಲ್ಲಿ ಸೀಟು ಒಡೆದ ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡಿದ್ದೇನೆ." "ಅದನ್ನು ಹೇಳಿ ಮತ್ತೆ." ಜಾಸ್ತಿ ಮಾಡಿ ತೋರಿಸಬಾರದು, ಸರಿ. ಆದರೆ ಕಡಿಮೆ ಮಾಡಿ ತೋರಿಸುವುದೂ ಸುಳ್ಳೇ ಅಂತ ನನಗೆ ಅಂದು ತಿಳಿಯಿತು.

ಶೇ. 44 ಬಂತು. 40 ಮುಟ್ಟಿದರೆ ಯುಡಿಐಡಿ ಕಾರ್ಡಿನ ಮೇಲೆ ಹಳದಿ ಪಟ್ಟಿ, 40ಕ್ಕಿಂತ ಕಡಿಮೆಯಾದರೆ ಬಿಳಿ, 80ರಿಂದ ನೀಲಿ. ಬಿಳಿ ಬಂದರೆ ಕಾರ್ಡು ಇರುತ್ತದೆ, ಪಿಂಚಣಿ ಇಲ್ಲ. ಕಡಿಮೆ ಹಾಕಿದ್ದಾರೆ ಅನ್ನಿಸಿದರೆ ಮೇಲ್ಮನವಿಗೆ ಅದೇ 2016ರ ಕಾನೂನಿನ 59ನೇ ಸೆಕ್ಷನ್ ಇದೆ.

ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ. ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಆದಾಯ ಪ್ರಮಾಣಪತ್ರ. ಆದಾಯ ವರ್ಷಕ್ಕೆ 32,000 ದಾಟಬಾರದಿತ್ತು. ನನ್ನದು ಒಮ್ಮೆ ವಾಪಸ್ ಬಂತು, ಕಾರಣ ನಮ್ಮ ಕೊಡಗಿನದ್ದೇ: ಆಧಾರಿನಲ್ಲಿ ಮನೆ ಹೆಸರು ಪೂರ್ತಿ ಇದೆ, ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್. ಇದನ್ನು ಸರಿಮಾಡಿಸಲು ಹಿಡಿದ ಸಮಯ ಬೋರ್ಡಿಗಿಂತ ಜಾಸ್ತಿ. ಅರ್ಜಿ ಹಾಕುವ ಮೊದಲೇ ಎಲ್ಲಾ ಕಡೆ ಹೆಸರು ಅಕ್ಷರ ಅಕ್ಷರ ಹೊಂದಿಸಿಕೊಳ್ಳಿ. 2022ರಲ್ಲಿ ಮಂಜೂರಾಯಿತು, ತಿಂಗಳಿಗೆ 800 ರೂಪಾಯಿ. ಮಾತ್ರೆಗೆ ಸಾಲುವುದಿಲ್ಲ. ಸಂಬಳದವರಿಗೆ ಕಾರ್ಡಿನಿಂದ ಜಾಸ್ತಿ ಲಾಭ ಇನ್‌ಕಮ್ ಟ್ಯಾಕ್ಸಿನಲ್ಲಿ. ಹಳೇ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಆದಾಯದಿಂದ 75,000 ಕಳೆಯಬಹುದು.

ನಿಜವಾಗಿ ಉಪಯೋಗಕ್ಕೆ ಬಂದದ್ದು ಬೇರೆ. ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಅಂತ ಶೇ. 5ರ ಹಣ ಇರುತ್ತದೆ. ಅದರಲ್ಲಿ ನಾನು ಕೇಳಿದ್ದು ಒಂದು ಕಮೋಡ್ ಕುರ್ಚಿ. ಕೊಟ್ಟರು. ಒಡೆದ ಪ್ಲಾಸ್ಟಿಕ್ ಕುರ್ಚಿ ಈಗ ಕೋಳಿಗೂಡಿನ ಮೇಲಿದೆ. ರೈಲಿನಲ್ಲಿ ಒಂದು ರಿಯಾಯಿತಿ ಇದೆ, ಕರುಳು ತೆಗೆದು ಹೊಟ್ಟೆಗೆ ಚೀಲ ಹಾಕಿಸಿಕೊಂಡವರಿಗೆ ಸೀಸನ್ ಟಿಕೆಟ್ ಅರ್ಧ ಬೆಲೆಗೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲ!

ಬಸ್ಸಿದೆ. ವರ್ಷಕ್ಕೆ 660 ರೂಪಾಯಿ ಕಟ್ಟಿ ಕೆಎಸ್ಸಾರ್ಟಿಸಿಯ ಪಾಸು ಮಾಡಿಸಿದೆ. ಮನೆಯಿಂದ 100 ಕಿಲೋಮೀಟರ್ ತನಕ. ಈಗ ತೋರಿಸುವುದು ಮೈಸೂರಿನಲ್ಲಿ, ಅದು 100ಕ್ಕಿಂತ ತುಸು ಆಚೆ. ಹಾಗಾಗಿ ಕೊನೆಯ ತುಂಡಿಗೆ ಟಿಕೆಟ್ ತಗೊಳ್ಳುತ್ತೇನೆ. 2023ರಿಂದ ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಪೂರ್ತಿ ಉಚಿತ, ಪ್ರತಿ ಸಲ ನನ್ನ ಟಿಕೆಟ್ ನೋಡಿ ನಗುತ್ತಾಳೆ. ಬಾಗಿಲ ಹತ್ತಿರದ ಸೀಟು ಹಿಡಿಯುತ್ತೇವೆ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಮೂರೂ ಸ್ಟ್ಯಾಂಡಿನಲ್ಲಿ ಶೌಚಾಲಯ ಯಾವ ಮೂಲೆಯಲ್ಲಿದೆ ಅಂತ ಗೊತ್ತು. ಹುಣಸೂರು ಬರುವ ಮೊದಲೇ ಅವಳು ಪರ್ಸಿನಿಂದ ಐದರ ನಾಣ್ಯ ತೆಗೆದು ನನ್ನ ಕೈಗೆ ಇಡುತ್ತಾಳೆ, ಎದ್ದು ಹೋಗಿ ಡ್ರೈವರಿಗೆ ಹೇಳುತ್ತಾಳೆ: "ಅಣ್ಣಾ, ಇವರು ಬರೋ ತನಕ ಸ್ವಲ್ಪ ನಿಲ್ಸಿ."