ಕವಚವನ್ನು ಹೊರುವುದು ಲಾಡಿ

ಬೇರೊಂದು ಗ್ರಹದ ಕಾವಲುಗಾರ ತೊಡುವಂಥ ಎದೆಕವಚ, ಭುಜದ ತಗಡು, ತೋಳು ಮತ್ತು ಕಾಲುಗಳ ಹೊದಿಕೆ, ಮುಖ ಮುಚ್ಚುವ ಶಿರಸ್ತ್ರಾಣ. ಇಷ್ಟನ್ನೂ ಶಿವಮೊಗ್ಗದ ನಮ್ಮ ಮನೆಯ ಹಿತ್ತಿಲ ಜಗಲಿಯಲ್ಲೇ ಮಾಡಿ ಮುಗಿಸಿದೆ. ಅಕ್ಕನ ಮಗನ ಶಾಲೆಯಲ್ಲಿ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ನಾಟಕ ಆಡುವುದೆಂದು ಮಳೆಗಾಲದಲ್ಲೇ ನಿಶ್ಚಯವಾಗಿತ್ತು. ಸಿ.ವಿ. ರಾಮನ್ ಅವರು 1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಕೊಂಡ ದಿನ ಅದು. ಹೊರಗಿನಿಂದ ಬಂದ ಕಾವಲುಗಾರನೊಬ್ಬ ಮಕ್ಕಳಿಗೆ ಬೆಳಕಿನ ಬಗ್ಗೆ ಪ್ರಶ್ನೆ ಕೇಳುತ್ತಾನೆ, ಉತ್ತರ ಸಿಗದಿದ್ದರೆ ಬಾಗಿಲು ತೆರೆಯುವುದಿಲ್ಲ. ಎತ್ತರದವನೆಂಬ ಕಾರಣಕ್ಕೆ ಆ ಪಾತ್ರ ನನ್ನ ಪಾಲಿಗೆ ಬಂತು. ಪೇಟೆಯಲ್ಲಿ ಬಾಡಿಗೆಗೆ ಸಿಗುವುದು ದೇವರು, ರಾಜರು, ಪೊಲೀಸರ ವೇಷ. ಅಂತರಿಕ್ಷದವನಿಗೆ ನಾವೇ ಹೊಲಿಯಬೇಕು, ನಾವೇ ಕತ್ತರಿಸಬೇಕು.

ಇಂಥ ಕವಚಕ್ಕೆ ಲೋಹವೂ ಬೇಡ, ಫೈಬರೂ ಬೇಡ. ಮಕ್ಕಳು ಆಡಲು ನೆಲಕ್ಕೆ ಹಾಸುವ, ಒಂದಕ್ಕೊಂದು ಹಲ್ಲು ಕೂಡಿಸುವ ಮ್ಯಾಟ್ ಇದೆಯಲ್ಲ, ಅದರಲ್ಲಿ ಬಹುತೇಕ ಇವಿಎ ಫೋಮ್. ಪೂರ್ತಿ ಹೆಸರು ಎಥಿಲೀನ್ ವಿನೈಲ್ ಅಸಿಟೇಟ್. ಹಗುರ ಚಪ್ಪಲಿಯ ಅಟ್ಟೆಗೂ ಇದನ್ನೇ ಬಳಸುತ್ತಾರೆ. ಗಾಂಧಿ ಬಜಾರಿನಲ್ಲಿ ಹುಡುಕಿ ತಂದ ಮ್ಯಾಟ್ ಸುಮಾರು 10 ಮಿ.ಮೀ. ದಪ್ಪವಿತ್ತು. ಅದು ಎದೆ, ಬೆನ್ನು, ಭುಜ, ತಲೆಗೆ. ತೋಳಿಗೆ 5 ಮಿ.ಮೀ., ಅಂಚಿನ ಪಟ್ಟಿಗಳಿಗೆ 2 ಮಿ.ಮೀ. ಹಾಳೆ ಸಾಕು. ಮ್ಯಾಟಿನ ಒಂದು ಬದಿಗೆ ಜಾರದಿರಲೆಂದು ಗೀರು ಹಾಕಿರುತ್ತಾರೆ, ಅದನ್ನು ಒಳಗೆ ಮಾಡಿ ನುಣುಪಾದ ಬದಿಯನ್ನು ಹೊರಗಿಡಬೇಕು. ಥರ್ಮೊಕೋಲ್ ಅಗ್ಗವಾಗಿ ಸಿಗುತ್ತದೆಂದು ಅದರತ್ತ ಹೋಗಬೇಡಿ. ಸ್ಪ್ರೇ ಬಣ್ಣದ, ರಬ್ಬರ್ ಅಂಟಿನ ದ್ರಾವಕ ತಾಗಿದ ಕೂಡಲೇ ಅದು ಕರಗಿ ಗುಳಿ ಬೀಳುತ್ತದೆ.

ಅಳತೆಗೆ ಟೇಪ್ ಹಿಡಿದು ಲೆಕ್ಕ ಬರೆಯುವುದಕ್ಕಿಂತ ಮೈಯನ್ನೇ ಅಚ್ಚು ಮಾಡಿಕೊಳ್ಳುವುದು ಮೇಲು. ಹಳೆಯ ಬನಿಯನ್ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಸುತ್ತಿಸಿಕೊಂಡೆ. ಅದರ ಮೇಲೆ ನನ್ನ ಹೆಂಡತಿ ಕಾಗದದ ಟೇಪನ್ನು ಅಡ್ಡಡ್ಡ ಅಂಟಿಸುತ್ತ ಬಂದಳು. ಎದೆಯ ನಡುಗೆರೆ, ಕಂಕುಳ ಸುತ್ತು, ಪಕ್ಕೆಲುಬು ಮುಗಿಯುವ ಜಾಗ, ಎಲ್ಲವನ್ನೂ ಮಾರ್ಕರಿನಲ್ಲಿ ಗುರುತಿಸಿ ಬೆನ್ನ ಕಡೆಯಿಂದ ಕತ್ತರಿಸಿ ಬಿಚ್ಚಿದೆವು. ಅರ್ಧ ಭಾಗ ಇಟ್ಟುಕೊಂಡರೆ ಸಾಕು, ಇನ್ನರ್ಧಕ್ಕೆ ಅದನ್ನೇ ಮಗುಚಿ ಎಳೆಯಬಹುದು. ಚಪ್ಪಟೆಯಾಗದೆ ಉಬ್ಬಿ ನಿಲ್ಲುವ ಕಡೆ ಸೀಳಬೇಕು. ರವಿಕೆಗೆ ದರ್ಜಿ ಹಿಡಿಯುವ ಡಾಟ್ ಬರುವುದು ಅಲ್ಲಿಯೇ. ಪ್ರತಿ ತುಂಡಿಗೂ ನಂಬರ್ ಹಾಕಿ, ಪಕ್ಕದ ತುಂಡಿಗೆ ಸೇರುವ ಅಂಚಿನಲ್ಲಿ ಎರಡೂ ಕಡೆ ದಾಟುವಂತೆ ಸಣ್ಣ ಅಡ್ಡಗೆರೆ ಎಳೆದಿಡಿ. ಅಂಟು ಹಚ್ಚಿದ ಮೇಲೆ ಯಾವುದು ಯಾವುದಕ್ಕೆ ಎಂದು ಯೋಚಿಸಲು ಸಮಯವಿರುವುದಿಲ್ಲ.

ತಲೆಗೂ ಇದೇ ಕ್ರಮ. ಅಲ್ಲಿ ಒಂದು ಲೆಕ್ಕ ಮಾತ್ರ ತಪ್ಪಬಾರದು. ಒಳಸುತ್ತು 58 ಸೆಂ.ಮೀ. ಇರಬೇಕೆಂದರೆ, 1 ಸೆಂ.ಮೀ. ದಪ್ಪದ ಫೋಮಿನ ಹೊರಸುತ್ತು 64 ಸೆಂ.ಮೀ. ದಾಟುತ್ತದೆ. ದಪ್ಪವನ್ನು ಎರಡು ಪೈಯಿಂದ ಗುಣಿಸಿದಷ್ಟು ಹೆಚ್ಚು. ಹಾಳೆ ಬಾಗುವಾಗ ಒಳಮೈ ಕುಗ್ಗಿ ಹೊರಮೈ ಹಿಗ್ಗುವುದರಿಂದ ಕತ್ತರಿಸುವ ಅಳತೆ ಇವೆರಡರ ನಡುವೆ, 61 ಸೆಂ.ಮೀ. ಆಸುಪಾಸು ಬರುತ್ತದೆ. ಒಳಗೆ ಮೆತ್ತೆ ಕೂರಿಸುವುದಾದರೆ ಅದರ ದಪ್ಪವನ್ನೂ ಹೀಗೆಯೇ ಸೇರಿಸಿಕೊಳ್ಳಬೇಕು.

ಕಟರಿನ ಬ್ಲೇಡ್ ಹೊಸದಿರಬೇಕು. ಮೊಂಡು ಬ್ಲೇಡ್ ಫೋಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಎರಡು ಅಂಚುಗಳನ್ನು 45 ಡಿಗ್ರಿ ಓರೆಯಾಗಿ ಕೊಯ್ದು ಕೂಡಿಸಿದರೆ ಚೊಕ್ಕ ಮೂಲೆ ಬರುತ್ತದೆ. ಆಮೇಲೆ ಹೀಟ್ ಗನ್. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಘಳಿಗೆ ಇದೇ. ಬಿಸಿಗಾಳಿ ಹಾಯಿಸುತ್ತ ಹೋದಂತೆ ಮಂಕಾಗಿದ್ದ ಫೋಮಿನ ಮೈಗೆ ತೆಳುವಾದ ಹೊಳಪು ಏರುತ್ತದೆ, ಮೇಲಿನ ರಂಧ್ರಗಳು ಮುಚ್ಚಿಕೊಂಡ ಗುರುತು ಅದು. ತಕ್ಷಣ ಗನ್ನನ್ನು ಬದಿಗಿಟ್ಟು ಹಾಳೆಯನ್ನು ತೊಡೆಯ ಮೇಲೋ ಕೊಡಪಾನದ ಮೇಲೋ ಒತ್ತಿ ಹಿಡಿದರೆ, ಆರುವ ಹೊತ್ತಿಗೆ ಆ ಬಾಗು ಅಲ್ಲಿಯೇ ನಿಲ್ಲುತ್ತದೆ. ತಗಡುಗಳ ನಡುವಿನ ಸಂದಿನಂತೆ ಕಾಣುವ ಗೆರೆಗಳಿಗೂ ಬೇರೆ ಉಪಕರಣ ಬೇಡ. ಅರ್ಧ ದಪ್ಪದಷ್ಟು ಆಳಕ್ಕೆ ಕಟರಿನಲ್ಲಿ ಗೀರಿ ಅದರ ಮೇಲೆ ಬಿಸಿಗಾಳಿ ಹಾಯಿಸಿ. ಕೂದಲೆಳೆಯಂತಿದ್ದ ಗೀರು ಕಣ್ಣೆದುರೇ ಬಾಯಿ ಬಿಟ್ಟು ಸ್ಪಷ್ಟ ಕಾಲುವೆಯಾಗುತ್ತದೆ. ಹೊಗೆಯಾಡುವಷ್ಟು ಕಾಯಿಸಬಾರದು. ಬಾಗಿಲು ಕಿಟಕಿ ತೆರೆದಿರಲಿ. ಉಪ್ಪುಕಾಗದದಲ್ಲಿ ಉಜ್ಜುವಾಗ ಎನ್-95 ಮುಖಗವಸು ಸಾಕು, ಆದರೆ ಅಂಟಿನ ಆವಿಯನ್ನು ಅದು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಡಬ್ಬಿ ಇರುವ ಮಾಸ್ಕೇ ಬೇಕು.

ಮಲೆನಾಡಿನವರಿಗೆ ನಿಜವಾದ ಪರೀಕ್ಷೆ ಅಂಟಿನದು. ನಾನು ಬಳಸಿದ್ದು ಫೆವಿಕಾಲ್ ಎಸ್‌ಆರ್, ರಬ್ಬರ್ ಜಾತಿಯದು. ಎರಡೂ ಅಂಚಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಒತ್ತಿದ ಮೇಲೆ ಬಿಡಿಸಿ ಮತ್ತೆ ಕೂಡಿಸುವ ಮಾತಿಲ್ಲ. ಬೇಸಿಗೆಯಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಹದಕ್ಕೆ ಬರುವ ಅಂಟು ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಸತಾಯಿಸುತ್ತದೆ. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂರುತ್ತದೆ, ಒಣಗಿದಂತೆ ತೋರಿದರೂ ಬೆಸುಗೆ ಹಿಡಿಯುವುದಿಲ್ಲ. ಒತ್ತುವ ಮುನ್ನ ಹೀಟ್ ಗನ್ನನ್ನು ದೂರದಿಂದ ಒಮ್ಮೆ ಮೆಲ್ಲಗೆ ಆಡಿಸಿದರೆ ತೇವ ಹೋಗುತ್ತದೆ, ಆದರೆ ಹಸಿ ಅಂಟಿನ ಮೇಲೆ ಮಾತ್ರ ಬೇಡ, ದ್ರಾವಕ ಪೂರ್ತಿ ಆರಿರಬೇಕು, ತೆರೆದ ಡಬ್ಬಿ ಹತ್ತಿರ ಇರಬಾರದು. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯಿಂದ ಹಿಡಿದು ಹಪ್ಪಳದವರೆಗೆ ಏನೇ ಒಣಗಬೇಕಿದ್ದರೂ ಬಚ್ಚಲ ಒಲೆಯ ಹತ್ತಿರ ಇಡುವುದು ರೂಢಿ. ಅಂಟು ಹಚ್ಚಿದ ತುಂಡನ್ನು ಅಲ್ಲಿಗೆ ಒಯ್ಯಲೇಬಾರದು. ಆ ಆವಿಗೆ ಒಂದು ಕಿಡಿ ಸಾಕು. ಹೀಗಾಗಿ ಅಳತೆ, ಅಚ್ಚು, ಕತ್ತರಿಸುವ ಕೆಲಸಗಳನ್ನು ಮಳೆಯಲ್ಲಿ ಮುಗಿಸಿ, ಅಂಟು ಮತ್ತು ಬಣ್ಣದ ಹೆಚ್ಚಿನ ಪಾಲನ್ನು ದೀಪಾವಳಿ ಕಳೆದ ಮೇಲಿನ ಒಣ ಹವೆಗೆ ಉಳಿಸಿಕೊಂಡೆ.

ಕಾಲಿನ ಮುಂಭಾಗದ ಹೊದಿಕೆಗೆ ಫೋಮ್ ಬಳಸಲಿಲ್ಲ. ಅಡಿಕೆ ತೋಟವಿರುವ ನಾಡಿನಲ್ಲಿ ಹಾಳೆಗೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಪೊರೆಗೆ, ಬರವೆಲ್ಲಿ! ಹಾಳೆ ಟೊಪ್ಪಿ ಮಾಡುವವರು ಅದನ್ನು ನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ ಮಡಚುತ್ತಾರೆ. ನಾನೂ ರಾತ್ರಿಯಿಡೀ ನೆನೆಸಿ, ಮೊಣಕಾಲಿನಿಂದ ಪಾದದವರೆಗಿನ ಅಳತೆಗೆ ಕತ್ತರಿಸಿ, ಪಿವಿಸಿ ಪೈಪಿಗೆ ಸುತ್ತಿ ಹಗ್ಗ ಬಿಗಿದು ಒಣಗಿಸಿದೆ. ಹಾಳೆಗೆ ಹುಟ್ಟಿನಿಂದಲೇ ಬಾಗು ಇರುವುದರಿಂದ ಕಾಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಪೂರ್ತಿ ಒಣಗಿದ ಮೇಲೆ ಒಳಗೂ ಹೊರಗೂ ಬಣ್ಣ ಮೆತ್ತಿ ಮುಚ್ಚಬೇಕು, ಇಲ್ಲವಾದರೆ ಮುಂದಿನ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಅದು ವೇಷವಾಗಿರಲಿಲ್ಲ, ತುಂಡುಗಳಾಗಿತ್ತು. ಅದನ್ನು ವೇಷ ಮಾಡಲು ಕಲಿಸಿದ್ದು ಸಾಗರದ ನನ್ನ ಚಿಕ್ಕಪ್ಪ. ಬಡಗುತಿಟ್ಟಿನ ಮೇಳಗಳಲ್ಲಿ ವೇಷಭೂಷಣದ ಕೆಲಸ ಮಾಡಿದವರು. ಯಕ್ಷಗಾನದ ಭುಜಕೀರ್ತಿ, ಎದೆಕಟ್ಟು, ತೋಳುಕಟ್ಟುಗಳೂ ಕವಚವೇ ತಾನೆ? ಹಗುರ ಮರವನ್ನು ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿ ಮಾಡಿದ ಅವನ್ನು ತೊಟ್ಟು ಕಲಾವಿದ ರಾತ್ರಿಯೆಲ್ಲ ಕುಣಿಯುತ್ತಾನೆ, ಮಂಡಿ ಹಾಕಿ ತಿರುಗುತ್ತಾನೆ, ಆದರೂ ಒಂದೂ ಕಳಚಿ ಬೀಳುವುದಿಲ್ಲ. ಚಿಕ್ಕಪ್ಪ ನನ್ನ ಕವಚದ ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ತೊಡಿಸಿದವರೇ, “ಕೈ ಎತ್ತು ಮಾಣಿ” ಎಂದರು. ಎತ್ತಿದೆ. ಭುಜದ ತಗಡು ಬಂದು ಕಿವಿಗೆ ಬಡಿಯಿತು. “ಇದನ್ನು ಎದೆಗೆ ಯಾಕೆ ಕಟ್ಟಿದ್ದೀಯ? ಭುಜದ್ದು ಭುಜಕ್ಕೇ ಸೇರಬೇಕು. ಎದೆ ಅಲ್ಲಾಡಿದರೆ ಅದು ಅಲ್ಲಾಡಬಾರದು, ಕೈ ಎತ್ತಿದರೆ ಅದು ಜಾರಿ ದಾರಿ ಬಿಡಬೇಕು.”

ಅವರ ಕ್ರಮ ಹೀಗೆ. ಮೊದಲು ಮೈಗೆ ಬಿಗಿಯಾದ ಬಟ್ಟೆ. ಅದರ ಮೇಲೆ ಹೆಗಲಿನಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ ಹಾಯುವ ಅಗಲ ಪಟ್ಟಿ. ಭಾರವೆಲ್ಲ ಆ ಪಟ್ಟಿಯ ಮೇಲೆ. ಎದೆ ಮತ್ತು ಬೆನ್ನಿನ ತಗಡುಗಳು ಹೆಗಲ ಮೇಲೆ ಎರಡು ಪಟ್ಟಿಗಳಿಂದ ತೂಗಬೇಕು, ಪಕ್ಕೆಯಲ್ಲಿ ಇಲಾಸ್ಟಿಕ್ ಇದ್ದರೆ ಉಸಿರು ಎಳೆದಾಗ ಹಿಗ್ಗುತ್ತದೆ. ಭುಜದ ತಗಡಿಗೆ ಮೇಲೆ ಒಂದೇ ಕಡೆ ಕಟ್ಟು, ಕೆಳಗೆ ತೋಳಿನ ಸುತ್ತ ಸಡಿಲವಾದ ಇನ್ನೊಂದು ಇಲಾಸ್ಟಿಕ್. ಬಕಲ್ ಮತ್ತು ಪಟ್ಟಿಗಳನ್ನು ಬ್ಯಾಗ್ ರಿಪೇರಿ ಮಾಡುವವರಲ್ಲಿ ಹೊಲಿಸಿದೆ. ವೆಲ್ಕ್ರೋವನ್ನು ಫೋಮಿಗೆ ಅಂಟಿಸಿದರೆ ಸಾಲದು, ಬೆವರಿಗೆ ಬಿಟ್ಟುಕೊಳ್ಳುತ್ತದೆ. ಬಟ್ಟೆಯ ತುಂಡಿಗೆ ಹೊಲಿದು ಆ ಬಟ್ಟೆಯನ್ನು ಫೋಮಿಗೆ ಅಂಟಿಸಬೇಕು. ಕಂಕುಳಲ್ಲಿ ಎರಡು ಬೆರಳಷ್ಟು ಹೆಚ್ಚು ಕತ್ತರಿಸಿ ತೆಗೆಯಲು ಚಿಕ್ಕಪ್ಪ ಹೇಳಿದರು. ಕನ್ನಡಿಯ ಮುಂದೆ ನಿಂತಾಗ ಅದು ದೊಡ್ಡ ಬಾಯಿಯಂತೆ ಕಂಡರೂ ರಂಗದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕೈ ಮಾತ್ರ ಸರಾಗವಾಗಿ ಆಡುತ್ತದೆ. ಅಂತರಿಕ್ಷದ ವೇಷ ಕಟ್ಟಲು ಹೊರಟ ನಮ್ಮ ಊರಿನ ಹುಡುಗ ಹುಡುಗಿಯರು ದೂರದ ವಿಡಿಯೊಗಳನ್ನು ನೋಡುವ ಮೊದಲು ಒಂದು ರಾತ್ರಿ ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ಕೂತು ವೇಷ ಕಟ್ಟುವುದನ್ನು ನೋಡಲಿ ಎಂದು ನಾನು ಒತ್ತಿ ಹೇಳುತ್ತೇನೆ.

ಶಿರಸ್ತ್ರಾಣದ ಕಣ್ಣಿಗೆ ಬೈಕ್ ಹೆಲ್ಮೆಟ್ಟಿನ ಕಪ್ಪು ಗಾಜನ್ನು ಕತ್ತರಿಸಿ ಕೂರಿಸಿದೆ. ನಮ್ಮ ಹವೆಯಲ್ಲಿ ನಾಲ್ಕು ಉಸಿರಿಗೆ ಅದು ಮಂಜುಗಟ್ಟುತ್ತದೆ. ಒಳಬದಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸವರಿ ಒರೆಸಿದರೆ ನೀರು ಹನಿಗಟ್ಟದೆ ತೆಳುವಾಗಿ ಹರಡಿಕೊಳ್ಳುತ್ತದೆ, ನೋಟ ಉಳಿಯುತ್ತದೆ. ಅದರ ಜೊತೆಗೆ ಗದ್ದದ ಬಳಿ ಗಾಳಿ ಒಳಬರುವ ತೂತು, ಹಿಂದಲೆಯಲ್ಲಿ ಗಾಳಿಯನ್ನು ಹೊರಗೆಳೆಯುವ ಕಂಪ್ಯೂಟರಿನ 40 ಮಿ.ಮೀ. ಫ್ಯಾನ್. 12 ವೋಲ್ಟಿನ ಫ್ಯಾನನ್ನು ಪವರ್ ಬ್ಯಾಂಕಿನ 5 ವೋಲ್ಟಿಗೆ ಕೊಟ್ಟರೆ ನಿಧಾನವಾಗಿ, ಸದ್ದಿಲ್ಲದೆ ತಿರುಗುತ್ತದೆ. ಕೆಲವು ಫ್ಯಾನುಗಳು ಅಷ್ಟಕ್ಕೆ ಶುರುವಾಗುವುದಿಲ್ಲ, ಅಂಗಡಿಯಲ್ಲೇ ತಿರುಗಿಸಿ ನೋಡಿ ಕೊಳ್ಳಬೇಕು. ಇನ್ನೊಂದು ವಿಷಯ: ತೀರಾ ಕಡಿಮೆ ವಿದ್ಯುತ್ ಎಳೆದರೆ ಎಷ್ಟೋ ಪವರ್ ಬ್ಯಾಂಕುಗಳು ತಾವಾಗಿಯೇ ಆರಿಹೋಗುತ್ತವೆ. ಎದೆಯ ಎಲ್ಇಡಿ ಪಟ್ಟಿಯನ್ನೂ ಅದೇ ಪವರ್ ಬ್ಯಾಂಕಿಗೆ ಸೇರಿಸಿದ್ದರಿಂದ ನನಗೆ ಆ ತೊಂದರೆ ಬರಲಿಲ್ಲ. ಎಲ್ಇಡಿಯ ಮುಂದೆ ಹಾಲುಬಿಳಿ ಪ್ಲಾಸ್ಟಿಕ್ ಮುಚ್ಚಳ ಇಟ್ಟರೆ ಚುಕ್ಕೆ ಚುಕ್ಕೆಯಾಗಿ ಕಾಣುವ ಬೆಳಕು ಒಂದೇ ಹದವಾಗುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಬೆರೆಸಿದ ಬಿಳಿ ಫೆವಿಕಾಲನ್ನು ಮೂರು ನಾಲ್ಕು ಸಲ ಬಳಿದು ಫೋಮಿನ ರಂಧ್ರ ಮುಚ್ಚಿ, ಪೂರ್ತಿ ಕಪ್ಪು ಅಕ್ರಿಲಿಕ್ ಹೊಡೆದು, ಸ್ಪಂಜಿನ ತುದಿಯಲ್ಲಿ ತುಸುವೇ ಬೆಳ್ಳಿ ಬಣ್ಣ ತೆಗೆದುಕೊಂಡು ಉಬ್ಬಿದ ಕಡೆಗಳಲ್ಲಿ ಮಾತ್ರ ಒರೆಸಬೇಕು. ತಳದ ಕಪ್ಪು ಸಂದುಗಳಲ್ಲಿ ಉಳಿದಷ್ಟೂ ಲೋಹದ ಭಾರ ಕಾಣುತ್ತದೆ. ಬಾಗುವ ಜಾಗಗಳಲ್ಲಿ ಪದರ ತೆಳುವಾಗಿರಲಿ, ದಪ್ಪವಾದರೆ ಬಿರುಕು ಬಿಡುತ್ತದೆ.

ತೊಟ್ಟು ನಡೆಯುವುದನ್ನೂ ಅಭ್ಯಾಸ ಮಾಡಬೇಕು. ಶಿರಸ್ತ್ರಾಣ ಹಾಕಿದರೆ ನಮ್ಮ ಪಾದ ನಮಗೆ ಕಾಣುವುದಿಲ್ಲ, ಪಕ್ಕದ ಮಾತು ಅರ್ಧ ಕೇಳುತ್ತದೆ. ರಂಗದ ಮೆಟ್ಟಿಲು ಹತ್ತಿಸಲು, ಇಳಿಸಲು ಒಬ್ಬರು ಜೊತೆಗಿರಲೇಬೇಕು. ನನ್ನ ಕೈ ಹಿಡಿದದ್ದು ಅಕ್ಕನ ಮಗ. ನಾಟಕದಲ್ಲಿ ಆಕಾಶ ಯಾಕೆ ನೀಲಿ ಎಂದು ಕೇಳಿದ ಕಾವಲುಗಾರನಿಗೆ, ಬೆಳಕು ಗಾಳಿಯ ಕಣಗಳಿಗೆ ತಾಗಿ ಚದುರುತ್ತದೆ, ನೀಲಿ ಹೆಚ್ಚು ಚದುರುತ್ತದೆ ಎಂದು ಮುಂದಿನ ಸಾಲಿನ ಮಕ್ಕಳು ಸರದಿಯನ್ನೂ ಕಾಯದೆ ಕೂಗಿ ಹೇಳಿದರು. ಬಾಗಿಲು ತೆರೆಯಲು ಎರಡೂ ಕೈ ತಲೆಯ ಮೇಲೆತ್ತಬೇಕಿತ್ತು. ಭುಜದ ತಗಡುಗಳು ಜಾರಿ ದಾರಿ ಬಿಟ್ಟವು.

ಈಗ ವೇಷವನ್ನು ತುಂಡು ತುಂಡಾಗಿ ಬಿಡಿಸಿ, ಒಳಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆರಿಸಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ಬೆವರಿ ವಾಸನೆ ಹಿಡಿಯುತ್ತದೆ. ಭಾರದ ಸಾಮಾನನ್ನು ಮೇಲಿಡಬಾರದು, ಒತ್ತಡಕ್ಕೆ ಫೋಮ್ ಚಪ್ಪಟೆಯಾಗುತ್ತದೆ. ಶಾಲೆಯವರು ಮುಂದಿನ ವರ್ಷಕ್ಕೆ ಇನ್ನೊಬ್ಬ ಕಾವಲುಗಾರ ಬೇಕೆನ್ನುತ್ತಿದ್ದಾರೆ, ಈ ಸಲ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ. ಅವಳ ಅಳತೆಯ ಅಚ್ಚನ್ನು ಅವಳ ಅಮ್ಮ ಆಗಲೇ ಟೇಪಿನಲ್ಲಿ ತೆಗೆದು ಕಳುಹಿಸಿದ್ದಾರೆ.