ಐರಿಶ್ ಪಾಸ್‌ಪೋರ್ಟ್ ಇದ್ದರೆ ಬ್ರಿಟನ್ನಿನಲ್ಲಿ ನೆಲೆಸುವುದು ಹೇಗೆ?

ಐರ್ಲೆಂಡಿನ ಪೌರರು ಬ್ರಿಟನ್ನಿಗೆ ಹೋಗಿ ನೆಲೆಸಲು ವೀಸಾ ಬೇಡ, ವಾಸದ ಪರವಾನಗಿ ಬೇಡ, ವಲಸೆ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕಾಗಿಯೂ ಇಲ್ಲ. ಬೆಳಿಗ್ಗೆ ಡಬ್ಲಿನ್ ಬಂದರಿನಲ್ಲಿ ಹಡಗು ಹತ್ತಿ ಮಧ್ಯಾಹ್ನ ವೇಲ್ಸ್‌ನ ಹಾಲಿಹೆಡ್‌ನಲ್ಲಿ ಇಳಿದು, ಇನ್ನು ಇಲ್ಲೇ ಇರುತ್ತೇನೆ ಎಂದು ತೀರ್ಮಾನಿಸಿದವರನ್ನು ಅಲ್ಲಿನ ಕಾನೂನು ಆ ದಿನದಿಂದಲೇ ಕಾಯಂ ನಿವಾಸಿಯಂತೆ ಕಾಣುತ್ತದೆ.

ತೊಡಕು ಬೇರೆ ಕಡೆ ಇದೆ. ಅನುಮತಿ ಬೇಡದಿದ್ದರೂ ಪುರಾವೆ ಬೇಕು. ಸರ್ಕಾರ ಪರವಾನಗಿ ಕೊಡುವುದಿಲ್ಲವಾದ್ದರಿಂದ ಕೈಗೆ ಯಾವ ಕಾಗದವೂ ಬರುವುದಿಲ್ಲ. ಆದರೆ ಕೆಲಸ ಕೊಡುವವರು, ಮನೆ ಮಾಲೀಕರು, ಬ್ಯಾಂಕಿನವರು ಎಲ್ಲರೂ ಕಾಗದ ಕೇಳುತ್ತಾರೆ. ಡಬ್ಲಿನ್, ಕಾರ್ಕ್, ಗಾಲ್ವೇ ಕಡೆ ಸಾಫ್ಟ್‌ವೇರ್ ಕೆಲಸಕ್ಕೋ ಆಸ್ಪತ್ರೆಯ ನರ್ಸಿಂಗ್ ಕೆಲಸಕ್ಕೋ ಹೋಗಿ, ಕೆಲವು ವರ್ಷಗಳ ನಂತರ ಐರಿಶ್ ಪೌರತ್ವ ಪಡೆದ ಕನ್ನಡಿಗರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರ ಮನೆಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಗಂಡನದು ಒಂದು ದೇಶದ ಪಾಸ್‌ಪೋರ್ಟ್, ಹೆಂಡತಿಯದು ಇನ್ನೊಂದು ದೇಶದ್ದು ಎಂಬಂಥ ಮನೆಗಳವು.

ಈ ಹಕ್ಕು ಎಲ್ಲಿಂದ ಬಂತು?

1922ರ ಕೊನೆಯಲ್ಲಿ ಐರಿಶ್ ಸ್ವತಂತ್ರ ರಾಜ್ಯ ಹುಟ್ಟಿದ ಹೊಸದರಲ್ಲೇ ಎರಡೂ ಕಡೆಯವರು ಜನರ ಓಡಾಟಕ್ಕೆ ಅಡ್ಡಿ ಮಾಡದಿರಲು ಒಪ್ಪಿಕೊಂಡರು. ಎರಡನೇ ಮಹಾಯುದ್ಧದಲ್ಲಿ ನಿಂತುಹೋದ ಆ ವ್ಯವಸ್ಥೆ 1952ರಲ್ಲಿ ಮತ್ತೆ ಶುರುವಾಯಿತು. ಅದರ ಹೆಸರು ಕಾಮನ್ ಟ್ರಾವೆಲ್ ಏರಿಯಾ. ಬ್ರಿಟನ್, ಐರ್ಲೆಂಡ್, ಐಲ್ ಆಫ್ ಮ್ಯಾನ್, ಜರ್ಸಿ, ಗರ್ನ್‌ಸಿ ಇದರೊಳಗೆ ಬರುತ್ತವೆ. ಐರ್ಲೆಂಡ್ ಗಣರಾಜ್ಯವಾದ 1949ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಕಾಯ್ದೆ ತಂದು, ತನ್ನ ಕಾನೂನುಗಳ ಮಟ್ಟಿಗೆ ಐರ್ಲೆಂಡ್ ವಿದೇಶವಲ್ಲ ಎಂದು ಹೇಳಿತು.

ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡುವ ಬ್ರೆಕ್ಸಿಟ್ ಬಂದಾಗ ಬಹಳ ಜನ ಹೆದರಿದ್ದರು. ಆ ಹೆದರಿಕೆಗೆ ಕಾರಣವೂ ಇತ್ತು. ಐರಿಶ್ ಪೌರರ ಹಕ್ಕಿನ ಬಹುಪಾಲು ಅಲ್ಲಿಯವರೆಗೆ ಐರೋಪ್ಯ ಒಕ್ಕೂಟದ ಕಾನೂನಿನ ನೆರಳಲ್ಲಿತ್ತು. 2019ರ ಮೇ 8ರಂದು ಎರಡೂ ಸರ್ಕಾರಗಳು ಒಡಂಬಡಿಕೆಗೆ ಸಹಿ ಹಾಕಿದವು. 2020ರಲ್ಲಿ ಬ್ರಿಟನ್ ತನ್ನ 1971ರ ವಲಸೆ ಕಾಯ್ದೆಗೆ ಹೊಸ ಸೆಕ್ಷನ್ ಸೇರಿಸಿತು: ಐರಿಶ್ ಪೌರರಿಗೆ ಬರಲು, ಇರಲು ಅನುಮತಿ ಬೇಕಿಲ್ಲ; ಗಡೀಪಾರು ಅಥವಾ ಪ್ರವೇಶ ನಿಷೇಧದ ಆದೇಶ ಇದ್ದವರಿಗೆ, ಅಂತರರಾಷ್ಟ್ರೀಯ ಪ್ರಯಾಣ ನಿಷೇಧಕ್ಕೆ ಒಳಗಾದವರಿಗೆ ಮಾತ್ರ ಇದು ಸಿಗದು. ನಿಮ್ಮ ಹಕ್ಕು ಈಗ ನಿಂತಿರುವುದು ಈ ಸಾಲಿನ ಮೇಲೆ. ಯಾರಾದರೂ ತಕರಾರು ತೆಗೆದರೆ ತೋರಿಸಬೇಕಾದದ್ದೂ ಇದನ್ನೇ.

ಐಲ್ ಆಫ್ ಮ್ಯಾನ್, ಜರ್ಸಿ, ಗರ್ನ್‌ಸಿಗಳಿಗೆ ಹೋಗುವವರು ಅಲ್ಲಿನ ಕೆಲಸದ ಮತ್ತು ವಸತಿಯ ನಿಯಮಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಅವು ಬ್ರಿಟಿಷರಿಗೂ ಮಿತಿ ಹಾಕುತ್ತವೆ.

ಮೊದಲ ಹೆಜ್ಜೆ: ಮನೆಯವರ ಪಾಸ್‌ಪೋರ್ಟುಗಳನ್ನೆಲ್ಲ ಮೇಜಿನ ಮೇಲಿಡಿ

ಹೆಚ್ಚು ಜನ ಎಡವುವುದು ಇಲ್ಲೇ. ಈ ಹಕ್ಕು ಐರಿಶ್ ಪೌರತ್ವಕ್ಕೆ ಸೇರಿದ್ದು, ಐರ್ಲೆಂಡಿನ ವಿಳಾಸಕ್ಕಲ್ಲ. ಡಬ್ಲಿನ್ನಿನಲ್ಲಿ ಹತ್ತು ವರ್ಷ ಇದ್ದು ಸ್ಟಾಂಪ್ 4 ಎಂಬ ಐರಿಶ್ ವಾಸದ ಪರವಾನಗಿ ಇರುವ ಭಾರತೀಯ ಪೌರರಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಬರುವುದಿಲ್ಲ. ನೆಲೆಸುವುದಿರಲಿ, ವಾರಾಂತ್ಯಕ್ಕೆ ಲಂಡನ್ ನೋಡಿ ಬರಲೂ ಬ್ರಿಟಿಷ್ ವೀಸಾ ಬೇಕು. ಬೆಲ್‌ಫಾಸ್ಟ್ ಇರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ. ಡಬ್ಲಿನ್–ಬೆಲ್‌ಫಾಸ್ಟ್ ರಸ್ತೆಯಲ್ಲಿ ಗೇಟಿಲ್ಲ, ಪಾಸ್‌ಪೋರ್ಟ್ ಕೇಳುವವರಿಲ್ಲ. ಹಾಗೆಂದು ವೀಸಾ ಇಲ್ಲದೆ ಆ ಗಡಿ ದಾಟಿದರೆ ಕಾನೂನು ಮುರಿದಂತೆಯೇ. ಮುಂದೆ ಎರಡೂ ದೇಶಗಳ ಅರ್ಜಿಗಳಲ್ಲಿ ಅದು ಕಾಡುತ್ತದೆ. ಬ್ರಿಟಿಷ್–ಐರಿಶ್ ವೀಸಾ ಯೋಜನೆಯಲ್ಲಿ ಒಂದೇ ವೀಸಾದಲ್ಲಿ ಎರಡೂ ದೇಶ ನೋಡಬಹುದು ನಿಜ, ಆದರೆ ಅದು ಭಾರತ, ಚೀನಾಗಳಿಂದ ಅಲ್ಪಾವಧಿ ಪ್ರವಾಸಕ್ಕೆ ಬರುವವರಿಗೆ. ಐರ್ಲೆಂಡಿನ ನಿವಾಸಿ ಕಾರ್ಡ್ ಇದ್ದವರಿಗೆ ಅದು ಅನ್ವಯಿಸುವುದಿಲ್ಲ.

ಹೆಂಡತಿಗೆ ಐರಿಶ್ ಪಾಸ್‌ಪೋರ್ಟ್ ಬಂದಿದೆ, ಗಂಡನದು ಇನ್ನೂ ಭಾರತದ್ದು ಎಂದಿಟ್ಟುಕೊಳ್ಳಿ. ಹೆಂಡತಿ ನಾಳೆಯೇ ಮ್ಯಾಂಚೆಸ್ಟರಿಗೆ ಹೋಗಿ ಕೆಲಸಕ್ಕೆ ಸೇರಬಹುದು. ಗಂಡ ಹೋಗಬೇಕಾದರೆ, ಅವರಿಗೇ ಸ್ವಂತವಾಗಿ ಕೆಲಸದ ವೀಸಾ ಸಿಗದಿದ್ದಲ್ಲಿ, ಬ್ರಿಟನ್ನಿನ ಸಂಗಾತಿ ವೀಸಾ ಪಡೆಯಬೇಕು. ಇದಕ್ಕೆ ಪ್ರಾಯೋಜಕರಿಗೆ, ಅಂದರೆ ಕರೆಸಿಕೊಳ್ಳುವ ಹೆಂಡತಿಗೆ, ಇರಬೇಕಾದ ಕನಿಷ್ಠ ವಾರ್ಷಿಕ ಆದಾಯ 2024ರ ಏಪ್ರಿಲ್ 11ರಿಂದ 29,000 ಪೌಂಡ್ ಆಗಿದೆ, ಅದಕ್ಕೂ ಮೊದಲು 18,600 ಇತ್ತು. ಹೆಂಡತಿ ಇನ್ನೂ ಐರ್ಲೆಂಡಿನಲ್ಲೇ ಇದ್ದರೆ ಅಲ್ಲಿನ ಸಂಬಳ ಆ ಮಟ್ಟಕ್ಕಿರಬೇಕು, ಜೊತೆಗೆ ಬ್ರಿಟನ್ನಿನಲ್ಲಿ ಅಷ್ಟೇ ಸಂಬಳದ ಕೆಲಸ ಖಾತ್ರಿಯಾಗಿರಬೇಕು. ಆದಾಯವೇ ಇಲ್ಲದಿದ್ದರೆ 88,500 ಪೌಂಡ್ ಉಳಿತಾಯ ಆರು ತಿಂಗಳಿಂದ ಖಾತೆಯಲ್ಲಿರಬೇಕು. ವೀಸಾ ಶುಲ್ಕದ ಮೇಲೆ ಆರೋಗ್ಯ ಶುಲ್ಕವೂ ಇದೆ, 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿಂದಲೇ ಸಂಗಾತಿ ವೀಸಾಕ್ಕೆ ಬದಲಾಯಿಸಿಕೊಳ್ಳಲು ಆಗುವುದಿಲ್ಲ. ಐರ್ಲೆಂಡಿನಲ್ಲಿದ್ದುಕೊಂಡೇ ಅರ್ಜಿ ಹಾಕಿ, ವೀಸಾ ಕೈಸೇರಿದ ಮೇಲೆ ಹೊರಡಬೇಕು.

ಇದರಲ್ಲಿ ಒಂದು ಸಮಾಧಾನವಿದೆ. ಐರಿಶ್ ಪೌರರನ್ನು ಮೊದಲ ದಿನದಿಂದಲೇ ನೆಲೆಸಿದವರೆಂದು ಎಣಿಸುವುದರಿಂದ ಸಂಗಾತಿಯನ್ನು ಕರೆಸಿಕೊಳ್ಳಲು ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಬ್ರಿಟಿಷ್ ಪೌರರು ಯಾವ ದಿನ ಅರ್ಜಿ ಹಾಕಬಹುದೋ ಇವರೂ ಅದೇ ದಿನ ಹಾಕಬಹುದು.

ಮಕ್ಕಳು ಮಾತ್ರ ಐರಿಶ್ ಪೌರರು, ಅಪ್ಪ–ಅಮ್ಮ ಇಬ್ಬರೂ ಭಾರತೀಯರು ಎಂಬ ಮನೆಗಳೂ ಇವೆ. ಅಂಥ ಮಗುವಿಗೆ ಬ್ರಿಟನ್ನಿನಲ್ಲಿರುವ ಹಕ್ಕಿದೆ, ಆದರೆ ಅದರ ಹೆಸರಲ್ಲಿ ಹೆತ್ತವರಿಗೆ ತಾನಾಗಿಯೇ ಹಕ್ಕು ಬರುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಇಂಥವರು ಪೌರತ್ವದ ಅರ್ಜಿ ಇತ್ಯರ್ಥವಾಗುವವರೆಗೆ ಐರ್ಲೆಂಡ್ ಬಿಡದಿರುವುದೇ ಒಳ್ಳೆಯದು. ಮಧ್ಯದಲ್ಲಿ ಎದ್ದು ಹೋದರೆ ವಾಸದ ಲೆಕ್ಕ ಕಡಿದು, ಅಷ್ಟು ವರ್ಷ ಕಾದದ್ದು ನೀರುಪಾಲಾಗಬಹುದು.

ಎರಡನೆಯದು: ಹೊರಡುವ ಮುನ್ನ

ಪಾಸ್‌ಪೋರ್ಟ್ ಅವಧಿ ನೋಡಿಕೊಳ್ಳಿ. ಜೊತೆಗೆ ಪಾಸ್‌ಪೋರ್ಟ್ ಕಾರ್ಡ್ ಕೂಡ ಮಾಡಿಸಿ. 2015ರಿಂದ ಐರ್ಲೆಂಡ್ ಕೊಡುತ್ತಿರುವ, ಜೇಬಿನಲ್ಲಿ ಹಿಡಿಯುವ ಈ ಕಾರ್ಡು ಬ್ರಿಟನ್ನಿನಲ್ಲಿ ಕೆಲಸಕ್ಕೂ ಬಾಡಿಗೆ ಮನೆಗೂ ಪುರಾವೆಯಾಗುತ್ತದೆ. ಗಡಿಯಲ್ಲಿ ತಪಾಸಣೆ ಇಲ್ಲವೆಂದು ಪಾಸ್‌ಪೋರ್ಟ್ ಬಿಟ್ಟು ಹೋಗಬೇಡಿ, ವಿಮಾನ ಕಂಪನಿಗಳಿಗೆ ಅವರವರದೇ ನಿಯಮಗಳಿವೆ. ಬ್ರಿಟನ್ ಈಚೆಗೆ ತಂದಿರುವ ಇಟಿಎ ಎಂಬ ಪ್ರಯಾಣ ಅನುಮತಿ ಐರಿಶ್ ಪೌರರಿಗೆ ಬೇಡ.

ರೆವಿನ್ಯೂ ಎಂದು ಕರೆಯುವ ಐರ್ಲೆಂಡಿನ ತೆರಿಗೆ ಇಲಾಖೆಗೆ ಹೊರಡುವ ದಿನಾಂಕ ತಿಳಿಸಿ. ವರ್ಷದ ನಡುವೆ ದೇಶ ಬಿಟ್ಟವರಿಗೆ ಆ ವರ್ಷದ ಸಂಬಳವನ್ನು ಎರಡು ಭಾಗ ಮಾಡಿ ನೋಡುವ ಸೌಲಭ್ಯವಿದೆ. ಅದನ್ನು ಕೇಳಿ ಪಡೆಯಬೇಕು, ಕೇಳಿದರೆ ಕಟ್ಟಿದ ತೆರಿಗೆಯಲ್ಲಿ ಒಂದಷ್ಟು ವಾಪಸು ಬರಬಹುದು.

ನರ್ಸ್, ವೈದ್ಯ, ಶಿಕ್ಷಕ ವೃತ್ತಿಯವರು ಮಾಡಬೇಕಾದ ಇನ್ನೊಂದು ಕೆಲಸವಿದೆ. ವಾಸದ ಹಕ್ಕು ಇದ್ದ ಮಾತ್ರಕ್ಕೆ ವೃತ್ತಿಯ ನೋಂದಣಿ ಆದಂತಲ್ಲ. ಬ್ರೆಕ್ಸಿಟ್ ನಂತರ ಐರೋಪ್ಯ ನಿಯಮದಡಿ ತಾನಾಗಿ ಸಿಗುತ್ತಿದ್ದ ಮಾನ್ಯತೆ ನಿಂತಿದೆ. ನರ್ಸ್‌ಗಳು ಬ್ರಿಟನ್ನಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ, ವೈದ್ಯರು ಜನರಲ್ ಮೆಡಿಕಲ್ ಕೌನ್ಸಿಲ್‌ಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಇದು ತಿಂಗಳುಗಳ ಕೆಲಸವಾದ್ದರಿಂದ ಮನೆ ಖಾಲಿ ಮಾಡುವ ಮೊದಲೇ ಶುರುಮಾಡಿ.

ಮೂರನೆಯದು: ಇಳಿದ ಮೇಲಿನ ವಾರಗಳು

ಕೆಲಸಕ್ಕೆ ಸೇರುವಾಗ ಮಾಲೀಕರು ನಿಮಗೆ ದುಡಿಯುವ ಹಕ್ಕಿದೆಯೇ ಎಂದು ಪರಿಶೀಲಿಸಲೇಬೇಕು. ಐರಿಶ್ ಪಾಸ್‌ಪೋರ್ಟ್ ಅಥವಾ ಪಾಸ್‌ಪೋರ್ಟ್ ಕಾರ್ಡ್ ತೋರಿಸಿದರೆ ಮುಗಿಯಿತು. ಅವಧಿ ಮೀರಿದ್ದನ್ನು ಖುದ್ದಾಗಿ ತೋರಿಸಿದರೂ ನಡೆಯುತ್ತದೆ. ಕೆಲವು ಕಡೆ ನೇಮಕಾತಿ ವಿಭಾಗದವರು ಶೇರ್ ಕೋಡ್ ಕೊಡಿ ಎಂದು ಪಟ್ಟು ಹಿಡಿಯುತ್ತಾರೆ. ಅದು ಇ–ವೀಸಾ ಇರುವವರಿಗೆ ಸಿಗುವ ಕೋಡ್. ನಿಮಗೆ ವೀಸಾವೇ ಇಲ್ಲದ ಮೇಲೆ ಕೋಡ್ ಎಲ್ಲಿಂದ ಬರಬೇಕು? ಇದನ್ನು ಸೌಮ್ಯವಾಗಿ, ಆದರೆ ಖಚಿತವಾಗಿ ಹೇಳಿ. ಗೃಹ ಇಲಾಖೆ ಮಾಲೀಕರಿಗೆಂದೇ ಪ್ರಕಟಿಸಿರುವ ಮಾರ್ಗಸೂಚಿಯ ಪಟ್ಟಿಯಲ್ಲಿ ಐರಿಶ್ ಪಾಸ್‌ಪೋರ್ಟಿನ ಹೆಸರಿದೆ.

ನಂತರ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಅಂದರೆ ತೆರಿಗೆ ಮತ್ತು ಸಾಮಾಜಿಕ ಭದ್ರತೆಯ ವಂತಿಗೆಯನ್ನು ನಿಮ್ಮ ಹೆಸರಿಗೆ ಲೆಕ್ಕ ಹಾಕುವ ಸಂಖ್ಯೆ. ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅದು ಬರುವ ಮೊದಲೇ ಕೆಲಸ ಆರಂಭಿಸಬಹುದು, ಬಂದ ತಕ್ಷಣ ಮಾಲೀಕರಿಗೆ ಕೊಡಬೇಕು. ಮೊದಲ ಸಂಬಳಕ್ಕೆ ಮುನ್ನ ಸ್ಟಾರ್ಟರ್ ಚೆಕ್‌ಲಿಸ್ಟ್ ಎಂಬ ನಮೂನೆ ತುಂಬಿಕೊಡಿ, ಇಲ್ಲದಿದ್ದರೆ ತೆರಿಗೆ ಅಗತ್ಯಕ್ಕಿಂತ ಹೆಚ್ಚು ಕಡಿತವಾಗಬಹುದು.

ಬಾಡಿಗೆ ಮನೆಗೆ ಮೊದಲು ವಾಸದ ಹಕ್ಕು ಪರಿಶೀಲಿಸುವ ನಿಯಮ ಇಂಗ್ಲೆಂಡಿನಲ್ಲಿ ಮಾತ್ರ ಇದೆ; ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಇಲ್ಲ. ಮನೆ ಸಿಕ್ಕಿದ ಕೂಡಲೇ ಸ್ಥಳೀಯ ಆಡಳಿತಕ್ಕೆ ಮನೆಯ ಮೇಲೆ ಕಟ್ಟುವ ಕೌನ್ಸಿಲ್ ತೆರಿಗೆಗೆ ನಿಮ್ಮ ಹೆಸರನ್ನೇ ಕೊಡಿ. ಆ ಬಿಲ್ಲು ಮುಂದೆ ಬ್ಯಾಂಕಿನಲ್ಲಿ ವಿಳಾಸದ ಪುರಾವೆಯಾಗುತ್ತದೆ. ಹತ್ತಿರದ ಜಿಪಿ, ಅಂದರೆ ಕುಟುಂಬ ವೈದ್ಯರ ಬಳಿ ನೋಂದಾಯಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಇದಕ್ಕೆ ವಿಳಾಸದ ಪುರಾವೆಯಾಗಲಿ ವಲಸೆ ದಾಖಲೆಯಾಗಲಿ ಕಡ್ಡಾಯವಲ್ಲ. ಅಲ್ಲೇ ನೆಲೆಸಲು ಬಂದವರಿಗೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಚಿಕಿತ್ಸೆ ಉಚಿತ.

ಕಾರು ತಂದವರು 14 ದಿನಗಳೊಳಗೆ ತೆರಿಗೆ ಇಲಾಖೆಗೆ ತಿಳಿಸಿ, ಬಳಿಕ ಅಲ್ಲಿನ ನಂಬರ್ ಪಡೆಯಬೇಕು. ಐರಿಶ್ ಚಾಲನಾ ಪರವಾನಗಿ ಇದ್ದರೆ ಪರೀಕ್ಷೆ ಇಲ್ಲದೆ ಬದಲಾಯಿಸಿಕೊಳ್ಳಬಹುದು.

ಮತದಾರರ ಪಟ್ಟಿಗೆ ಹೆಸರು ಸೇರಿಸುವುದನ್ನು ಮುಂದಕ್ಕೆ ಹಾಕಬೇಡಿ. ಐರಿಶ್ ಪೌರರು ಸಂಸತ್ ಚುನಾವಣೆಯೂ ಸೇರಿ ಎಲ್ಲ ಚುನಾವಣೆಗಳಲ್ಲಿ ಮತ ಹಾಕಬಹುದು. ಕಾಮನ್‌ವೆಲ್ತ್ ದೇಶದವರಾದ್ದರಿಂದ, ವೀಸಾದ ಮೇಲೆ ಅಲ್ಲಿ ವಾಸವಿರುವ ಭಾರತೀಯ ಸಂಗಾತಿಗೂ ಈ ಹಕ್ಕಿದೆ ಎಂಬುದು ಹಲವರಿಗೆ ಗೊತ್ತೇ ಇಲ್ಲ.

ನಾಲ್ಕನೆಯದು: ಕಾಗದ ಕೂಡಿಡಿ

ಈ ಮಾತಿಗೆ ಇಷ್ಟು ಒತ್ತು ಕೊಡಲು ಕಾರಣ 2018ರಲ್ಲಿ ಬಯಲಾದ ವಿಂಡ್‌ರಶ್ ಪ್ರಕರಣ. ದಶಕಗಳ ಹಿಂದೆ ಕೆರಿಬಿಯನ್ ದ್ವೀಪಗಳಿಂದ ಬಂದು, ಕಾನೂನುಬದ್ಧವಾಗಿಯೇ ಬಾಳಿದ್ದ ಜನರವರು. ಅವರಿಗೆ ವಾಸದ ಹಕ್ಕಿತ್ತು, ಅದನ್ನು ಸಾಬೀತು ಮಾಡುವ ಕಾಗದ ಇರಲಿಲ್ಲ. ಕೆಲವರು ಕೆಲಸ ಕಳೆದುಕೊಂಡರು, ಕೆಲವರಿಗೆ ಚಿಕಿತ್ಸೆ ಸಿಗಲಿಲ್ಲ, ಕೆಲವರನ್ನು ದೇಶದಿಂದಲೇ ಹೊರಹಾಕಲಾಯಿತು. ಐರಿಶ್ ಪೌರರ ಸ್ಥಿತಿ ಕಾನೂನಿನಲ್ಲಿ ಅದಕ್ಕಿಂತ ಗಟ್ಟಿ. ಆದರೂ ಕೈಗೆ ಕಾಗದ ಕೊಡದ ಹಕ್ಕು ಎಂಬ ಅಂಶ ಎರಡಕ್ಕೂ ಸಮಾನ. ಬಂದ ದಿನದ ಟಿಕೆಟ್, ಬಾಡಿಗೆ ಕರಾರು, ಸಂಬಳದ ಚೀಟಿ, ವರ್ಷದ ಕೊನೆಗೆ ಸಿಗುವ ಸಂಬಳ–ತೆರಿಗೆಯ ಲೆಕ್ಕಪತ್ರ ಪಿ60, ಕೌನ್ಸಿಲ್ ತೆರಿಗೆ ಬಿಲ್ಲು ಇವನ್ನೆಲ್ಲ ಒಂದೇ ಕಡತದಲ್ಲಿಡಿ. ಹಳೆಯ ಪಾಸ್‌ಪೋರ್ಟುಗಳನ್ನೂ ಎಸೆಯಬೇಡಿ. ವಯಸ್ಸಾದವರಿಗೆ ಇಂಥ ದಾಖಲೆ ಹೊಂದಿಸಲು ಕಷ್ಟವಾದರೆ, 1954ರಿಂದ ಕ್ಯಾಮ್ಡೆನ್‌ನಲ್ಲಿರುವ ಲಂಡನ್ ಐರಿಶ್ ಸೆಂಟರ್‌ನಂಥ ಸಂಸ್ಥೆಗಳಲ್ಲಿ ಸಲಹೆ ಸಿಗುತ್ತದೆ.

ಪಿಂಚಣಿಗೂ ಈ ಕಡತ ಬೇಕು. 2019ರ ಫೆಬ್ರವರಿಯಲ್ಲಿ ಎರಡೂ ದೇಶಗಳು ಮಾಡಿಕೊಂಡ ಸಾಮಾಜಿಕ ಭದ್ರತಾ ಒಪ್ಪಂದದಿಂದಾಗಿ ಐರ್ಲೆಂಡಿನಲ್ಲಿ ಕಟ್ಟಿದ ವಂತಿಗೆಯೂ ಅರ್ಹತೆಯ ಲೆಕ್ಕಕ್ಕೆ ಸೇರುತ್ತದೆ.

ಕೊನೆಯದು: ವರ್ಷಗಳು ಕಳೆದ ಮೇಲೆ

ಐದು ವರ್ಷ ಬ್ರಿಟನ್ನಿನಲ್ಲಿದ್ದವರು ಬೇಕೆಂದರೆ ಬ್ರಿಟಿಷ್ ಪೌರತ್ವವನ್ನೂ ಪಡೆಯಬಹುದು. 2024ರ ಕಾಯ್ದೆಯೊಂದು ಐರಿಶ್ ಪೌರರಿಗೆಂದೇ ಸುಲಭದ ದಾರಿ ಮಾಡಿದ್ದು, 2025ರ ಜುಲೈ 22ರಿಂದ ಜಾರಿಯಲ್ಲಿದೆ. ಬ್ರಿಟಿಷ್ ಇತಿಹಾಸ–ಜೀವನದ ಪರೀಕ್ಷೆ ಬರೆಯಬೇಕಾಗಿಲ್ಲ. ಐದು ವರ್ಷಗಳಲ್ಲಿ 450 ದಿನಕ್ಕಿಂತ, ಕೊನೆಯ ವರ್ಷದಲ್ಲಿ 90 ದಿನಕ್ಕಿಂತ ಹೆಚ್ಚು ದೇಶದ ಹೊರಗೆ ಇದ್ದಿರಬಾರದು. ಬಾಣಂತನಕ್ಕೆ, ಮದುವೆಗೆ ಎಂದು ಊರಿಗೆ ಬಂದು ತಿಂಗಳುಗಟ್ಟಲೆ ನಿಲ್ಲುವವರು ಈ ಲೆಕ್ಕ ಇಟ್ಟುಕೊಳ್ಳಬೇಕು.

ಅಲ್ಲಿ ನೆಲೆಸಿದ ಐರಿಶ್ ಪೌರರಿಗೆ ಬ್ರಿಟನ್ನಿನಲ್ಲಿ ಮಗು ಹುಟ್ಟಿದರೆ ಅದು ಹುಟ್ಟಿನಿಂದಲೇ ಬ್ರಿಟಿಷ್. ಐರಿಶ್ ಪೌರತ್ವದ ವಿಷಯ ಬೇರೆ. ತಂದೆ ಅಥವಾ ತಾಯಿ ಐರ್ಲೆಂಡಿನಲ್ಲಿ ಹುಟ್ಟಿದವರಾದರೆ ಮಗುವಿಗೆ ಅದೂ ತಾನಾಗಿ ಬರುತ್ತದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಹುಟ್ಟಿ ಮುಂದೆ ಐರಿಶ್ ಪೌರತ್ವ ಪಡೆದವರ ಮಗುವಾದರೆ ವಿದೇಶಿ ಜನನಗಳ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಿಸಬೇಕು. ಪೌರತ್ವ ಲೆಕ್ಕಕ್ಕೆ ಬರುವುದು ನೋಂದಣಿಯಾದ ದಿನದಿಂದ.

ಐರ್ಲೆಂಡಿನಲ್ಲಿ ವಾಸವಿದ್ದು, ಅರ್ಜಿ ಹಾಕಿ ಐರಿಶ್ ಪೌರರಾದವರಿಗೆ ಇನ್ನೊಂದು ಕರ್ತವ್ಯವಿದೆ. ಅವರು ಐರ್ಲೆಂಡಿನ ಹೊರಗೆ ಸತತ ಏಳು ವರ್ಷ ನೆಲೆಸಿ, ಪೌರತ್ವ ಉಳಿಸಿಕೊಳ್ಳುವ ಇಚ್ಛೆಯನ್ನು ವರ್ಷವರ್ಷ ತಿಳಿಸದೇ ಇದ್ದರೆ ಪೌರತ್ವ ರದ್ದು ಮಾಡುವ ಅಧಿಕಾರವನ್ನು ಐರ್ಲೆಂಡಿನ 1956ರ ಕಾಯ್ದೆ ಸಚಿವರಿಗೆ ಕೊಟ್ಟಿದೆ. ಬ್ರಿಟನ್ನಿನಲ್ಲಿ ಇರುವ ಹಕ್ಕೇ ಆ ಪೌರತ್ವದಿಂದ ಬಂದಿರುವಾಗ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪರಿಹಾರ ಸುಲಭ: ಸಿಐಟಿ5 ಎಂಬ ಚಿಕ್ಕ ನಮೂನೆ. ವರ್ಷಕ್ಕೊಮ್ಮೆ ತುಂಬಿ, ನಮೂನೆಯಲ್ಲಿ ಸೂಚಿಸಿದಂಥ ಸಾಕ್ಷಿಯ ಎದುರು ಸಹಿ ಮಾಡಿ, ಐರ್ಲೆಂಡಿನ ಪೌರತ್ವ ವಿಭಾಗಕ್ಕೆ ಕಳುಹಿಸಿ. ಪ್ರತಿ ವರ್ಷವೂ ಒಂದೇ ತಿಂಗಳಲ್ಲಿ ಮಾಡಿದರೆ ಮರೆಯುವುದಿಲ್ಲ. ಕಳುಹಿಸಿದ್ದರ ಪ್ರತಿಯನ್ನೂ ಅಂಚೆಯ ರಸೀದಿಯನ್ನೂ ಮೇಲೆ ಹೇಳಿದ ಕಡತಕ್ಕೇ ಸೇರಿಸಿ.