ಹೊಸ ನರ್ಸ್‌ಗಳಿಗೆ ಕೇಳುವುದನ್ನು ಕಲಿಸಿದ ನನ್ನ ಅನುಭವ

ವಾರ್ಡಿನ ಇನ್‌ಚಾರ್ಜ್ ಆದ ಮೊದಲ ವರ್ಷದಲ್ಲಿ, ಪದೇ ಪದೇ ಬಂದು ಏನನ್ನೂ ಕೇಳದ ಹೊಸ ನರ್ಸ್‌ಗಳೇ ಬೇಗ ಕೆಲಸ ಕಲಿಯುತ್ತಿದ್ದಾರೆಂದು ನಾನು ತಿಳಿದಿದ್ದೆ. ಅವರ ಚಾರ್ಟುಗಳು ತುಂಬಿರುತ್ತಿದ್ದವು, ಔಷಧದ ಸಮಯಗಳಿಗೆ ಸಹಿ ಬಿದ್ದಿರುತ್ತಿತ್ತು, ರೋಗಿಗಳ ಕಡೆಯವರಿಂದ ದೂರು ಬರುತ್ತಿರಲಿಲ್ಲ. ಆ ತಿಳಿವಳಿಕೆ ಎಷ್ಟು ಅಪಾಯಕರ ಎಂಬುದು ಒಂದು ಬೆಳಗಿನ ಪಾಳಿಯಲ್ಲಿ ಗೊತ್ತಾಯಿತು.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡನೆಯ ದಿನದಲ್ಲಿದ್ದ ಹಿರಿಯರೊಬ್ಬರ ಚಾರ್ಟಿನಲ್ಲಿ ರಾತ್ರಿಯಿಡೀ ಉಸಿರಾಟದ ಸಂಖ್ಯೆ 20, 20, 20 ಎಂದೇ ಬರೆದಿತ್ತು. ನಾನು ಅವರ ಪಕ್ಕದಲ್ಲಿ ನಿಂತು ಪೂರ್ತಿ ಒಂದು ನಿಮಿಷ ಎಣಿಸಿದಾಗ 28 ಬಂತು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಪ್ರಕಟಿಸಿದ, ರೋಗಿಯ ಸ್ಥಿತಿ ಕೆಟ್ಟಷ್ಟೂ ಹೆಚ್ಚು ಅಂಕ ಕೊಡುವ ಮುನ್ಸೂಚನಾ ಅಂಕಪಟ್ಟಿಯಲ್ಲಿ ನಿಮಿಷಕ್ಕೆ 12ರಿಂದ 20ರವರೆಗಿನ ಉಸಿರಾಟಕ್ಕೆ ಸೊನ್ನೆ ಅಂಕ. 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ 3 ಅಂಕ, ಅಂದರೆ ಒಂದು ಲಕ್ಷಣಕ್ಕೆ ಸಿಗಬಹುದಾದ ಅತಿ ಹೆಚ್ಚಿನ ಅಂಕ. ಯಂತ್ರ ತೋರಿಸದ ಕಡೆಯಲ್ಲೆಲ್ಲ ಉಸಿರನ್ನು ಕಣ್ಣಿನಿಂದಲೇ ಎಣಿಸಬೇಕಾಗಿರುವುದರಿಂದ, ಕೆಲಸದ ಒತ್ತಡದಲ್ಲಿ ಅಂದಾಜಿನ ಮೇಲೆ ಬರೆದುಬಿಡುವ ಸಂಖ್ಯೆಯೂ ಇದೇ. ರೋಗಿಯನ್ನು ತೀವ್ರ ನಿಗಾ ಘಟಕಕ್ಕೆ ಕಳುಹಿಸಿದೆವು. ಅವರು ಚೇತರಿಸಿಕೊಂಡರು.

ರಾತ್ರಿ ಪಾಳಿಯಲ್ಲಿದ್ದ ಹುಡುಗಿಯನ್ನು ಒಳಗೆ ಕರೆದು ಕೂರಿಸಿ ಕೇಳಿದೆ. ಎರಡು ಗಂಟೆಯ ಹೊತ್ತಿಗೇ ರೋಗಿ ಸರಿಯಿಲ್ಲ ಎಂದು ಅವಳಿಗೆ ಅನ್ನಿಸಿತ್ತಂತೆ. ಬಿಪಿ ಸರಿಯಾಗಿದ್ದುದರಿಂದ ಡಾಕ್ಟರಿಗೆ ಏನೆಂದು ಹೇಳುವುದೆಂದು ತಿಳಿಯಲಿಲ್ಲವಂತೆ. ಹಿರಿಯ ನರ್ಸನ್ನಾದರೂ ಕೇಳಬಹುದಿತ್ತಲ್ಲ ಎಂದಾಗ ಅವಳು ತಲೆ ತಗ್ಗಿಸಿ, "ಹೋದ ವಾರ ಡ್ರಿಪ್ಪಿನ ಲೆಕ್ಕ ಕೇಳಿದಾಗ ನೀವು 'ಇದೂ ಗೊತ್ತಿಲ್ಲವೇ' ಎಂದಿರಿ, ಸಿಸ್ಟರ್" ಎಂದಳು. ಎಲ್ಲರೆದುರು, ಔಷಧದ ಟ್ರಾಲಿಯ ಬಳಿ ನಿಂತು ಆ ಮಾತನ್ನು ಆಡಿದ್ದು ನನಗೆ ನೆನಪೇ ಇರಲಿಲ್ಲ. ಎಣಿಸದೆ ಬರೆದದ್ದು ಅವಳ ತಪ್ಪು, ಅದನ್ನು ಅವಳಿಗೆ ಸ್ಪಷ್ಟವಾಗಿಯೇ ಹೇಳಿದೆ. ಆದರೆ ಎರಡು ಗಂಟೆಯಿಂದ ಬೆಳಗಿನವರೆಗೆ ಅವಳು ಬಾಯಿ ಬಿಡದೆ ಕುಳಿತದ್ದಕ್ಕೆ ನಾನೇ ಕಾರಣಳಾಗಿದ್ದೆ.

ಮರುದಿನ ಪಾಳಿ ಬದಲಾಗುವಾಗಿನ ಹ್ಯಾಂಡೋವರ್ ಮುಗಿದ ಮೇಲೆ ಎಲ್ಲರನ್ನೂ ಐದು ನಿಮಿಷ ನಿಲ್ಲಿಸಿ ನನ್ನದೇ ಒಂದು ಹಳೆಯ ತಪ್ಪನ್ನು ಹೇಳಿದೆ. ಇನ್ಸುಲಿನ್ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ಬರುತ್ತದೆ, ಸಿರಿಂಜುಗಳೂ ಬೇರೆ ಬೇರೆ. ಸೇವೆಗೆ ಸೇರಿದ ಎರಡನೆಯ ವರ್ಷದಲ್ಲಿ ನಾನು 100ರ ಬಾಟಲಿಯಿಂದ 40ರ ಸಿರಿಂಜಿಗೆ 10ರ ಗೆರೆಯವರೆಗೆ ಎಳೆದಿದ್ದೆ; ಅಂದರೆ ಸಿರಿಂಜಿನಲ್ಲಿದ್ದದ್ದು 10 ಯೂನಿಟ್ ಅಲ್ಲ, 25. ಪಕ್ಕದಲ್ಲಿದ್ದ ಸಹೋದ್ಯೋಗಿ ಸಿರಿಂಜನ್ನು ನೋಡಿ ನನ್ನ ಕೈ ಹಿಡಿಯದಿದ್ದರೆ ಅದು ರೋಗಿಯ ದೇಹಕ್ಕೆ ಹೋಗುತ್ತಿತ್ತು. ಇದನ್ನು ಹೇಳುವಾಗ ನನ್ನ ಧ್ವನಿ ನಡುಗಿತು, ಹೇಳಿದರೆ ಇವರ ಮುಂದೆ ನನ್ನ ಮಾತಿಗೆ ಬೆಲೆ ಉಳಿಯುವುದೋ ಇಲ್ಲವೋ ಎಂಬ ಅಳುಕೂ ಇತ್ತು. ಆ ವಾರ ಮುಗಿಯುವುದರೊಳಗೆ ಮೂವರು ತಾವಾಗಿಯೇ ಬಂದು, ಕೊನೆಯ ಗಳಿಗೆಯಲ್ಲಿ ತಪ್ಪಿಹೋದ ತಮ್ಮ ತಮ್ಮ ತಪ್ಪುಗಳನ್ನು ಹೇಳಿಕೊಂಡರು. ಅವುಗಳಲ್ಲಿ ಎರಡು, ನೋಡಲು ಒಂದೇ ತೆರನಾದ ಔಷಧದ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟದ್ದರಿಂದ ಆದವು. ಅಂದೇ ಆ ಕಪಾಟನ್ನು ಬೇರೆ ರೀತಿಯಲ್ಲಿ ಜೋಡಿಸಿದೆವು.

ಕೇಳಿದರೆ ಬೈಗುಳ ಬರುವುದಿಲ್ಲ ಎಂಬ ಧೈರ್ಯವಷ್ಟೇ ಸಾಲದು, ಏನನ್ನು ಕೇಳಬೇಕು ಎಂಬುದನ್ನೂ ಕಲಿಸಬೇಕಾಗುತ್ತದೆ. ನರ್ಸ್ ಹೊಸಬಳಿಂದ ಪರಿಣತಳಾಗುವವರೆಗೆ ಐದು ಹಂತಗಳನ್ನು ದಾಟುತ್ತಾಳೆಂದು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ವಿವರಿಸಿದರು. ಹೊಸಬರು ನಿಯಮವನ್ನು ಹಿಡಿದು ನಡೆಯುತ್ತಾರೆ, ಪರಿಣತರಿಗೆ ಇಡೀ ಪರಿಸ್ಥಿತಿ ಒಂದೇ ನೋಟಕ್ಕೆ ಹೊಳೆಯುತ್ತದೆ. ನನಗೆ ಕಷ್ಟವಾದದ್ದು ಇಲ್ಲಿಯೇ. "ಈ ರೋಗಿಯ ಮುಖ ಸರಿಯಿಲ್ಲ" ಎಂದು ನಾನು ಹೇಳುವುದು ಬಹುಮಟ್ಟಿಗೆ ನಿಜವಾಗುತ್ತಿತ್ತು, ಆದರೆ ಆ ಮಾತಿನಿಂದ ಕಲಿಯುವವಳಿಗೆ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ನನ್ನ ಕಣ್ಣಿಗೆ ಬಿದ್ದದ್ದೇನು ಎಂಬುದನ್ನು ಒಂದೊಂದಾಗಿ ಬಿಡಿಸಿ ಹೇಳುವ ಅಭ್ಯಾಸ ಮಾಡಿಕೊಂಡೆ: ಅಂಗೈ ತಣ್ಣಗಿದೆ, ಉಗುರನ್ನು ಐದು ಸೆಕೆಂಡು ಒತ್ತಿ ಬಿಟ್ಟರೆ ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿದೆ, ನಿನ್ನೆ ಸುಮ್ಮನೆ ಮಲಗಿದ್ದವರು ಇಂದು ಹೊದಿಕೆಯನ್ನು ಎಳೆದಾಡುತ್ತಿದ್ದಾರೆ, 60 ಕಿಲೋ ತೂಕದವರಿಗೆ ಗಂಟೆಗೆ ಕನಿಷ್ಠ 30 ಮಿಲಿಲೀಟರ್ ಮೂತ್ರ ಬರಬೇಕಾದಲ್ಲಿ ಎರಡು ಗಂಟೆಯಿಂದ ಚೀಲದಲ್ಲಿ 35 ಮಾತ್ರ ಇದೆ. ಇಷ್ಟು ಹೇಳಿದ ಮೇಲೆ, ಬಿಪಿ ಇನ್ನೂ ಇಳಿಯದಿದ್ದರೂ ದೇಹ ಅದನ್ನು ಹೇಗೋ ಎತ್ತಿ ಹಿಡಿದಿರಬಹುದು ಎಂಬುದು ಅವರಿಗೆ ತಾವಾಗಿಯೇ ಅರ್ಥವಾಗುತ್ತದೆ.

ಹೊಸಬರೊಡನೆ ಮೊದಲ ವಾರಗಳಲ್ಲಿ ಹಾಸಿಗೆಯ ಬಳಿ ನಿಲ್ಲುವಾಗ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಇಲ್ಲದಿದ್ದರೆ ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆಯ, ಅಂದರೆ ಕ್ಯಾನುಲಾದ, ಪಟ್ಟಿ ಸರಿಪಡಿಸಲು ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ, ಅವರ ಕೆಲಸ ಅಲ್ಲಿಗೆ ನಿಂತುಹೋಗುತ್ತದೆ. ಪ್ರತಿ ರೋಗಿಯ ಬಳಿಯೂ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಪಾಳಿಯಲ್ಲಿ ಇವರಿಗೆ ಏನು ಕೆಡಬಹುದು, ಕೆಟ್ಟರೆ ನಿನಗೆ ಅದು ಮೊದಲು ಎಲ್ಲಿ ಕಾಣಿಸುತ್ತದೆ? ಉತ್ತರ ಬರುವವರೆಗೆ ಕಾಯುತ್ತೇನೆ. ಆದರೆ ರೋಗಿಗೆ ಅಪಾಯವಾಗುವಂತಿದ್ದರೆ ಕಾಯುವುದಿಲ್ಲ. ಆಗ ನಾನೇ ಕೈ ಹಾಕಿ, ಏಕೆ ಹಾಗೆ ಮಾಡಿದೆ ಎಂಬುದನ್ನು ಆಮೇಲೆ ರೋಗಿಗೆ ಕೇಳಿಸದಂತೆ ಹೇಳುತ್ತೇನೆ.

ಡಾಕ್ಟರಿಗೆ ಕರೆ ಮಾಡುವುದನ್ನು ಕಲಿಸಲು ಇದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನಗೆ ಬೇಕಾದದ್ದು ಎಂಬ ನಾಲ್ಕು ಭಾಗಗಳಲ್ಲಿ ವಿಷಯ ಹೇಳುವ ಕ್ರಮವನ್ನು, ಅಂದರೆ ಎಸ್‌ಬಿಎಆರ್ ಅನ್ನು, ತರಗತಿಯಲ್ಲಿ ಎಲ್ಲರೂ ಓದಿರುತ್ತಾರೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಈ ಕ್ರಮದಲ್ಲಿ ಮೊದಲ ಎರಡು ಭಾಗಗಳನ್ನು ಹೊಸಬರು ಸಲೀಸಾಗಿ ಹೇಳುತ್ತಾರೆ, ಮೂರನೆಯದಕ್ಕೆ ಬಂದಾಗ ತಡವರಿಸುತ್ತಾರೆ, ನಾಲ್ಕನೆಯದನ್ನು ಬಿಟ್ಟೇಬಿಡುತ್ತಾರೆ. "ನೀವು ಈಗಲೇ ಬಂದು ನೋಡಬೇಕು, ಸರ್" ಎಂಬ ವಾಕ್ಯ ಗಂಟಲಿನಿಂದ ಹೊರಬರುವುದೇ ಇಲ್ಲ. ಆದ್ದರಿಂದ ನಾನು ಡಾಕ್ಟರಾಗಿ, ಅವರು ಕರೆ ಮಾಡುವವರಾಗಿ, ಕೊನೆಯ ಆ ವಾಕ್ಯವನ್ನು ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಿದೆ. ಫೋನಿನಲ್ಲಿ ಹೇಳಿದ ಔಷಧದ ಹೆಸರು, ಪ್ರಮಾಣ, ಕೊಡುವ ಮಾರ್ಗ ಮೂರನ್ನೂ ಬರೆದುಕೊಂಡು ತಿರುಗಿ ಓದಿ ಹೇಳುವುದೂ ಅದರಲ್ಲಿಯೇ ಸೇರಿತು. ಇನ್ನೊಂದು ಕೆಲಸ ನನ್ನ ಪಾಲಿನದಾಗಿತ್ತು. ರಾತ್ರಿ ಕರೆ ಮಾಡಿದ್ದಕ್ಕೆ ಗದರಿದ ವೈದ್ಯರನ್ನು ಮರುದಿನ ಒಬ್ಬರೇ ಇದ್ದಾಗ ಕಂಡು, ಆ ಹುಡುಗಿ ಇನ್ನು ಮುಂದೆ ಕರೆಯದಿದ್ದರೆ ನಷ್ಟವಾಗುವುದು ನಿಮ್ಮ ರೋಗಿಗೇ ಎಂದು ಮರ್ಯಾದೆ ಮೀರದೆ ಹೇಳಿದೆ. ಅವರು ಒಪ್ಪಿಕೊಂಡರು. ಇನ್‌ಚಾರ್ಜ್ ಆದವಳು ಈ ಮಾತನ್ನು ಆಡದಿದ್ದರೆ ಕಲಿಸಿದ ಉಳಿದುದೆಲ್ಲ ವ್ಯರ್ಥವೆಂದೇ ನಾನು ನಂಬುತ್ತೇನೆ.

ಕೈಚಳಕ ಇರುವವರಿಗೆಲ್ಲ ಕಲಿಸುವ ತಾಳ್ಮೆ ಇರುವುದಿಲ್ಲ. ರಕ್ತನಾಳ ಸಿಗದವರಿಗೂ ಮೊದಲ ಸಲವೇ ಕ್ಯಾನುಲಾ ಹಾಕಬಲ್ಲ ಹಿರಿಯ ನರ್ಸೊಬ್ಬರ ಜೊತೆಗೆ ಹೊಸಬಳೊಬ್ಬಳನ್ನು ಹಾಕಿದ್ದೆ. ಎರಡು ತಿಂಗಳಾದರೂ ಅವಳಿಗೆ ಒಂದು ಕ್ಯಾನುಲಾ ಹಾಕುವ ಅವಕಾಶವೂ ಸಿಕ್ಕಿರಲಿಲ್ಲ. ಆಮೇಲೆ ಡ್ಯೂಟಿ ಪಟ್ಟಿ ಬರೆಯುವಾಗ ಯಾರು ಯಾರ ಜೊತೆ ಎಂಬುದನ್ನು ನೋಡಿಯೇ ಬರೆಯತೊಡಗಿದೆ, ಇಬ್ಬರು ಹೊಸಬರು ಮಾತ್ರ ಒಂದು ರಾತ್ರಿ ಪಾಳಿಯಲ್ಲಿ ಇರದಂತೆ ನೋಡಿಕೊಂಡೆ.

ಮೂರು ತಿಂಗಳಾದಾಗ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು, ಈ ವಾರ್ಡಿನಲ್ಲಿ ಕೇಳಬೇಕೆನ್ನಿಸಿಯೂ ಕೇಳಲಾಗದೆ ಉಳಿದದ್ದು ಏನು ಎಂದು ವಿಚಾರಿಸುತ್ತೇನೆ. ಇತ್ತೀಚೆಗೆ ಒಬ್ಬ ಹುಡುಗ, ರೋಗಿ ಉಳಿಯುವುದಿಲ್ಲವೆಂದು ತಿಳಿದ ಮೇಲೆ ಅವರ ಮನೆಯವರ ಬಳಿ ಹೋಗಿ ಏನು ಮಾತಾಡಬೇಕೆಂದು ಕೇಳಿದ. ಅಂಥ ಕೋಣೆಗಳಿಗೆ ಇಷ್ಟು ವರ್ಷವೂ ಹೊಸಬರನ್ನು ಹೊರಗೆ ನಿಲ್ಲಿಸಿ ನಾನೊಬ್ಬಳೇ ಹೋಗುತ್ತಿದ್ದೆ, ಅವರ ಮನಸ್ಸಿಗೆ ನೋವಾಗಬಾರದೆಂದು. ಈಗ ಮನೆಯವರ ಒಪ್ಪಿಗೆ ಕೇಳಿ ಒಬ್ಬರನ್ನು ಜೊತೆಗೆ ಕರೆದೊಯ್ಯುತ್ತೇನೆ. ಅವರು ಏನೂ ಮಾತಾಡಬೇಕಿಲ್ಲ, ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರಬೇಕು, ಅಷ್ಟೇ. ಹೊರಗೆ ಬಂದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಕುಳಿತಿದ್ದು ಆಮೇಲೆ ಮುಂದಿನ ರೋಗಿಯ ಬಳಿಗೆ ಹೋಗುತ್ತೇವೆ.